ಕಿತ್ತಳೆ ಹಾಕಿದ್ರೆ ಇಟ್ಟಿಗೆ ಬಣ್ಣ ಬರ್ತಿದೆ, ತಲೆ ಕೆಟ್ಟೋಗಿದೆ

ಬಣ್ಣಗೇಡಿ:
ಕೆಂಪು ಹಳದಿ ಸೇರಿಸಿದ್ರೆ ಕಿತ್ತಳೆ ಅಂತ ಒಂದನೇ ಕ್ಲಾಸ್ ಮಕ್ಕಳಿಗೂ ಗೊತ್ತು, ನಂಗೆ ಮಾತ್ರ ಬರಲ್ಲ. ಮುತ್ತುಗದ ಹೂ ಪೇಂಟ್ ಮಾಡ್ತಿದೀನಿ, ಅಕ್ರಿಲಿಕ್, ಧಗಧಗ ಅನ್ನೋ ಆರೆಂಜ್ ಬೇಕು, ಬರೋದು ಇಟ್ಟಿಗೆ ಬಣ್ಣ. ರೆಡ್ ಜಾಸ್ತಿ ಮಾಡ್ದೆ, ಯೆಲ್ಲೋ ಜಾಸ್ತಿ ಮಾಡ್ದೆ, ವೈಟ್ ಹಾಕ್ದೆ, ವೈಟ್ ಹಾಕಿದ್ಮೇಲಂತೂ ನೋಡೋಕಾಗಲ್ಲ. ಟ್ಯೂಬ್ ಖಾಲಿಯಾಗ್ತಾ ಬಂತು. ಇಷ್ಟು ರೆಡ್ಡಿಗೆ ಇಷ್ಟು ಯೆಲ್ಲೋ ಅಂತ ಯಾರಾದ್ರೂ ಸರಿಯಾದ ಅಳತೆ ಹೇಳಿ. ಯೂಟ್ಯೂಬ್ ಲಿಂಕ್ ಹಾಕ್ಬೇಡಿ ಪ್ಲೀಸ್.

ಪಿಗ್ಮೆಂಟ್‌ಪುಟ್ಟ:
ಯಾವ ರೆಡ್, ಯಾವ ಯೆಲ್ಲೋ?

ಬಣ್ಣಗೇಡಿ:
ರೆಡ್ ಅಂದ್ರೆ ರೆಡ್ಡು ಸಾರ್. ನಾರ್ಮಲ್ ರೆಡ್.

ಪಿಗ್ಮೆಂಟ್‌ಪುಟ್ಟ:
ನಾರ್ಮಲ್ ರೆಡ್ ಅಂತ ಪ್ರಪಂಚದಲ್ಲಿ ಯಾವ್ದೂ ಇಲ್ಲ. ಟ್ಯೂಬ್ ಮೇಲೆ ಪಿಆರ್, ಪಿವೈ ಅಂತ ನಂಬರ್ ಇದ್ರೆ ಓದಿ ಹಾಕಿ, ಪಿಆರ್ ಕೆಂಪಿಗೆ, ಪಿವೈ ಹಳದಿಗೆ, ಒಳಗಿರೋ ಪಿಗ್ಮೆಂಟ್ ಅಂದ್ರೆ ಬಣ್ಣದ ಪುಡಿ ಯಾವ್ದು ಅಂತ ಗೊತ್ತಾಗತ್ತೆ.

ಹುಬ್ಬಳ್ಳಿ ಕುಂಚ:
ನೀರ್ ಯಾವ್ದು ಬಳಸ್ತೀರಿ? ಬೋರ್ ನೀರ್ ಇದ್ರ ಬಣ್ಣ ಕೆಡ್ತೈತೇನೋ ಅಂತ ನನ್ನ ಅನುಮಾನ ನೋಡ್ರಿ. ನಾ ಅಂತೂ ಆರ್‌ಒ ನೀರ್ ಬಿಟ್ರ ಬ್ರಶ್ ಅದ್ದಂಗಿಲ್ಲ.

ಬಣ್ಣಗೇಡಿ:
ನೀರು ಫಿಲ್ಟರ್‌ದೇ. ಟ್ಯೂಬ್ ನೋಡ್ದೆ, ಒಂದು ಕ್ರಿಮ್ಸನ್, ಇನ್ನೊಂದು ಲೆಮನ್ ಯೆಲ್ಲೋ. ನಂಬರ್ ಗಿಂಬರ್ ಏನಿಲ್ಲ, ಸ್ಟೂಡೆಂಟ್ ಸೆಟ್.

ಪಿಗ್ಮೆಂಟ್‌ಪುಟ್ಟ:
ಅಲ್ಲೇ ಇದೆ ನೋಡಿ. ಕ್ರಿಮ್ಸನ್ ನೀಲಿ ಕಡೆ ವಾಲೋ ಕೆಂಪು, ಲೆಮನ್ ಹಸಿರು ಕಡೆ ವಾಲೋ ಹಳದಿ, ಎರಡೂ ಸೇರಿಸಿದ್ರೆ ನಿಮಗೆ ಗೊತ್ತಿಲ್ದೇ ನೀಲಿನೂ ಒಳಗೆ ಬಂತು, ಮೂರೂ ಕೂಡಿದ್ರೆ ಕಂದೇ. ಸ್ಕಾರ್ಲೆಟ್ ಇಲ್ಲಾ ವರ್ಮಿಲಿಯನ್ ತಗೊಳ್ಳಿ, ಹಳದೀಲಿ ಮೀಡಿಯಂ ಇಲ್ಲಾ ಡೀಪ್. ಪಿಆರ್ 108 ಅಂದ್ರೆ ಕ್ಯಾಡ್ಮಿಯಂ ರೆಡ್, ಅದು ಮತ್ತೆ ಪಿವೈ 65 ಸಿಕ್ರೆ ಬಿಡ್ಬೇಡಿ. ಕ್ಯಾಡ್ಮಿಯಂ ಮುಂದೆ ‘ಹ್ಯೂ’ ಅಂತಿದ್ರೆ ಅದ್ರಲ್ಲಿ ಕ್ಯಾಡ್ಮಿಯಂ ಇರಲ್ಲ, ಬೇರೆ ಪಿಗ್ಮೆಂಟಲ್ಲಿ ಆ ಬಣ್ಣ ತಂದಿರ್ತಾರೆ. ಅಳತೆ ಮಾತ್ರ ಕೇಳ್ಬೇಡಿ. ಹಳದಿ ಗುಡ್ಡೆ ಹಾಕ್ಕೊಂಡು ಕೆಂಪನ್ನ ಬ್ರಶ್ ತುದೀಲಿ ಮುಟ್ಟಿಸ್ತಾ ಹೋಗಿ, ಉಲ್ಟಾ ಮಾಡಿದ್ರೆ ಟ್ಯೂಬ್ಗಟ್ಲೆ ಹಳದಿ ಸುರೀಬೇಕಾಗತ್ತೆ. ತಿಳಿ ಮಾಡೋಕೂ ಹಳದಿನೇ ಹಾಕಿ, ವೈಟ್ ಹಾಕಿದ್ರೆ ಪೀಚ್ ಆಗತ್ತೆ. ಕನಕಾಂಬರಕ್ಕಾದ್ರೆ ಚೂರು ವೈಟ್ ಬೇಕು, ಮುತ್ತುಗಕ್ಕೆ ಬೇಡ.

ಫ್ಲೆಕ್ಸ್‌ಅಣ್ಣ:
ಪುಟ್ಟ ಅವ್ರೇ, ಈ ನೀಲಿ ಕಡೆ ವಾಲೋ ಕಥೆ ಎಲ್ಲಾ ಥ್ರೆಡ್ಡಲ್ಲೂ ಹೇಳ್ತೀರಪ್ಪ. ಪ್ರಿಂಟಿಂಗ್ ಮಷೀನಲ್ಲಿ ಕೆಂಪಿನ ಜಾಗದಲ್ಲಿ ಇರೋದೇ ಮೆಜೆಂಟಾ, ಅದಕ್ಕಿಂತ ನೀಲಿ ಕಡೆ ವಾಲೋದು ಯಾವ್ದಿದೆ? ಯೆಲ್ಲೋ 100 ಪರ್ಸೆಂಟ್, ಮೆಜೆಂಟಾ 50 ಪರ್ಸೆಂಟ್ ಕೊಡಿ, ಒಳ್ಳೇ ಕೇಸರಿ ಬರತ್ತೆ, ದಿನಾ ಹೊಡೀತೀವಿ.

ಪಿಗ್ಮೆಂಟ್‌ಪುಟ್ಟ:
ಪ್ರಿಂಟ್ ಬೇರೆ ಪೇಂಟ್ ಬೇರೆ.

ಫ್ಲೆಕ್ಸ್‌ಅಣ್ಣ:
ಅದು ಪ್ರಿಂಟೋ ಪೇಂಟೋ ಅಂತ ಬೆಳಕಿಗೆ ಗೊತ್ತಾಗತ್ತಾ? ಮೆಜೆಂಟಾದಿಂದ ವಾಪಸ್ ಬರೋ ನೀಲಿನ ಹಳದಿ ನುಂಗ್ಬಿಡತ್ತೆ, ಉಳಿಯೋದು ಕಿತ್ತಳೆ. ಕ್ರಿಮ್ಸನ್ ಕೈ ಕೊಡೋದು ಅದೇ ಮೊದ್ಲಿಂದ ಕಪ್ಪಗೆ ಮಂಕಾಗಿರತ್ತೆ ಅಂತ. ಕ್ವಿನಾಕ್ರಿಡೋನ್ ಮೆಜೆಂಟಾ, ಪಿಆರ್ 122, ತಗೊಂಡು ನೀವೇ ಬೆರೆಸಿ ನೋಡಿ, ಆಮೇಲೆ ಮಾತಾಡೋಣ.

ಹುಬ್ಬಳ್ಳಿ ಕುಂಚ:
ಹೊಸಬರಿಗೆ ಕ್ಯಾಡ್ಮಿಯಂ ಯಾಕ್ ಹೇಳ್ತೀರಿ, ವಿಷ ಐತಿ ಅದು.

ಕಡಲಕುಂಚ:
ತಿಂದ್ರೆ ವಿಷ ಮಾರಾಯ್ರೆ. ಒಣಗಿದ್ದನ್ನು ಉಜ್ಜಿ ಧೂಳು ಎಬ್ಬಿಸಿದ್ರೆ, ಏರ್‌ಬ್ರಶ್ಶಲ್ಲಿ ಹೊಡೆದ್ರೆ ವಿಷ. ಕುಂಚದಲ್ಲಿ ಹಚ್ಚಿ ಕೈ ತೊಳೆದ್ರೆ ಎಂತ ಆಗುದಿಲ್ಲ. ಯಕ್ಷಗಾನದ ಚೌಕಿಯಲ್ಲಿ, ಅಂದ್ರೆ ವೇಷ ಕಟ್ಟುವ ಜಾಗದಲ್ಲಿ, ಹಿಂದೆ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಮುಖಕ್ಕೇ ಹಚ್ಚಿಕೊಳ್ತಿದ್ರು, ಒಂದ್ರಲ್ಲಿ ಆರ್ಸೆನಿಕ್, ಇನ್ನೊಂದ್ರಲ್ಲಿ ಪಾದರಸ. ಒಳ್ಳೇದು ಅಂತ ಹೇಳ್ತಾ ಇಲ್ಲ, ಜಗಳಕ್ಕೆ ಬರ್ಬೇಡಿ.

ಬಣ್ಣಗೇಡಿ:
ಇಲ್ಲಿ ನನ್ನ ಹೂವಿನ ಬಗ್ಗೆ ಯಾರಿಗಾದ್ರೂ ನೆನಪಿದ್ಯಾ? ಸ್ಕಾರ್ಲೆಟ್ಟು, ಡೀಪ್ ಯೆಲ್ಲೋ ತಂದೆ, ದುಡ್ಡು ದಂಡ. ಪ್ಯಾಲೆಟ್ಟಲ್ಲಿ ಸೂಪರ್ ಆರೆಂಜ್, ಕ್ಯಾನ್ವಾಸಿಗೆ ಹಾಕಿದ್ರೆ ಮತ್ತೆ ಮಂಕು ಹೊಡೀತು.

ಪಿಗ್ಮೆಂಟ್‌ಪುಟ್ಟ:
ಅಕ್ರಿಲಿಕ್ ಒಣಗಿದ್ರೆ ಸ್ವಲ್ಪ ಗಾಢ ಆಗೇ ಆಗತ್ತೆ, ಹಸಿ ಇದ್ದಾಗ ಬೈಂಡರ್, ಅಂದ್ರೆ ಬಣ್ಣ ಹಿಡಿದಿಡೋ ಅಂಟು, ಬೆಳ್ಳಗಿರತ್ತೆ, ಒಣಗಿದ್ಮೇಲೆ ಪಾರದರ್ಶಕ ಆಗತ್ತೆ ಅದಕ್ಕೆ. ಸ್ಕಾರ್ಲೆಟ್ ಯಾವ ನಂಬರು?

ಸ್ಲೇಟುಬಳಪ:
ನಂಬರ್ ಆಮೇಲೆ. ಪ್ಯಾಲೆಟ್ಟಲ್ಲಿ ಚೆನ್ನಾಗಿದೆ ಅಂದ್ರಲ್ಲ, ಕ್ಯಾನ್ವಾಸಲ್ಲಿ ಹೂವಿನ ಕೆಳಗೆ ಏನಿದೆ?

ಬಣ್ಣಗೇಡಿ:
ಆಕಾಶ. ಮುತ್ತುಗ ಹೂ ಬಿಟ್ಟಾಗ ಎಲೆ ಎಲ್ಲಾ ಉದುರಿರತ್ತೆ, ಹಿಂದೆ ಆಕಾಶ ತಾನೆ ಕಾಣೋದು. ಅಲ್ಟ್ರಾಮರೀನ್ ಎರಡು ಕೋಟ್, ಪೂರ್ತಿ ಒಣಗಿದೆ, ಕಲಸಿಕೊಳ್ಳೋ ಪ್ರಶ್ನೆನೇ ಇಲ್ಲ.

ಸ್ಲೇಟುಬಳಪ:
ಕಲಸಿಕೊಳ್ಳೋದೇ ಬೇಡ, ಒಳಗಿಂದ ಕಾಣಿಸಿದ್ರೆ ಸಾಕು. ಆ ಹಳದಿ ಕೆಂಪು ಎರಡೂ ಅರೆಪಾರದರ್ಶಕ ಇರ್ಬೇಕು. ಕಾಗದದ ಮೇಲೆ ಪರ್ಮನೆಂಟ್ ಮಾರ್ಕರಲ್ಲಿ ಒಂದು ಕಪ್ಪು ಗೆರೆ ಎಳೆದು ಮೇಲೆ ನಿಮ್ಮ ಆರೆಂಜ್ ಎಳೀರಿ, ಗೆರೆ ಕಂಡ್ರೆ ನೀಲಿನೂ ಕಾಣತ್ತೆ. ಕೆಲವು ಟ್ಯೂಬಲ್ಲಿ ಸಣ್ಣ ಚೌಕ ಹಾಕಿರ್ತಾರೆ, ಖಾಲಿ ಚೌಕ ಅಂದ್ರೆ ಪಾರದರ್ಶಕ, ತುಂಬಿದ್ರೆ ಮುಚ್ಚೋ ಬಣ್ಣ.
ಈಗ ಹೂವಿನ ಆಕಾರಕ್ಕೆ ಸರಿಯಾಗಿ ಟೈಟೇನಿಯಂ ವೈಟ್ ಬಳೀರಿ, ಒಣಗ್ಲಿ. ಮೇಲೆ ಬರೀ ಹಳದಿ, ಅದೂ ಒಣಗ್ಲಿ. ಆಮೇಲೆ ಸ್ಕಾರ್ಲೆಟ್ಟನ್ನ ತೆಳ್ಳಗೆ, ದಳದ ಬುಡದಲ್ಲಿ ಎರಡು ಸಲ, ಬಾಗಿದ ಬೆನ್ನಿನ ಮೇಲೆ ಒಂದೇ ಸಲ. ಬುಡದಲ್ಲಿ ಕಂದುಗಪ್ಪು ಮಖಮಲ್ ತೊಟ್ಟಿದ್ಯಲ್ಲ, ಅದನ್ನ ಗಾಢವಾಗೇ ಹಾಕಿ. ಆರೆಂಜ್ ಸಾಲದು ಅನ್ಸೋದು ಎಷ್ಟೋ ಸಲ ಪಕ್ಕದಲ್ಲಿ ಕಪ್ಪು ಸಾಲದೇ ಇರೋದ್ರಿಂದ.

ಬಣ್ಣಗೇಡಿ:
ಇದನ್ನ ಮೊದ್ಲೇ ಯಾರಾದ್ರೂ ಕೇಳಿದ್ರೆ ಸ್ಕಾರ್ಲೆಟ್ ದುಡ್ಡು ಉಳೀತಿತ್ತಲ್ಲ! ಒಂದು ಗೊಂಚಲಿಗೆ ವೈಟ್ ಹಾಕಿ ಹಳದಿ ಬಳಿದಿದೀನಿ, ಇಷ್ಟಕ್ಕೇ ಬೇರೆ ತರ ಕಾಣ್ತಿದೆ.

ಪಿಗ್ಮೆಂಟ್‌ಪುಟ್ಟ:
ಸ್ಕಾರ್ಲೆಟ್ ದಂಡ ಅಲ್ಲ, ಕ್ರಿಮ್ಸನ್ನಲ್ಲಿ ವೈಟ್ ಮೇಲೂ ಈ ಬಣ್ಣ ಬರ್ತಿರ್ಲಿಲ್ಲ.

ಫ್ಲೆಕ್ಸ್‌ಅಣ್ಣ:
ಮೆಜೆಂಟಾದಲ್ಲಿ ಬರ್ತಿತ್ತು.

ಹುಬ್ಬಳ್ಳಿ ಕುಂಚ:
ನಾ ಅಂತೂ ಮಿಕ್ಸಿಂಗೇ ಬಿಟ್ಟೇನ್ರಿ, ಪಿಒ 73 ಪೈರೋಲ್ ಆರೆಂಜ್ ತರಿಸೇನಿ, ಟ್ಯೂಬ್ ಒತ್ತೂದು ಹಚ್ಚೂದು. ವೆಟ್ ಪ್ಯಾಲೆಟ್ಟೂ ಮನ್ಯಾಗ ಮಾಡೇನಿ, ಸ್ವೀಟ್ ಡಬ್ಬಿ, ಒಳಗ ಒದ್ದಿ ಸ್ಪಾಂಜ್, ಮ್ಯಾಲ ಬಟರ್ ಪೇಪರ್. ವಾರಾದ್ರೂ ಬಣ್ಣ ಒಣಗಂಗಿಲ್ಲ. ಫೋಟೊ ಹಾಕ್ಲೇನು?

ಕಡಲಕುಂಚ:
ಬೂಸು ಬರುದಿಲ್ವಾ? ನಮ್ಮಲ್ಲಿ ಮಳೆಗಾಲದಲ್ಲಿ ಎರಡೇ ದಿನಕ್ಕೆ ವಾಸನೆ.

ಹುಬ್ಬಳ್ಳಿ ಕುಂಚ:
ಫ್ರಿಜ್‌ನಾಗ ಇಡ್ತೇನ್ರಿ. ಮನ್ಯಾಗ ಬೈತಾರ, ಆದ್ರೂ ಇಡ್ತೇನಿ.