ಲ್ಯಾಟಿನ್‌ನಲ್ಲಿ ಗಾರೆಗೆ ಇಷ್ಟೊಂದು ಪದ ಯಾಕೆ? ಎಲ್ಲ ಒಂದೇನಾ?

ಪುಟದಂಚು ಕೇಳಿದ್ದು:

ಕಟ್ಟಡ ಕಟ್ಟುವ ಬಗ್ಗೆ ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಬರೆದ ಹತ್ತು ಪುಸ್ತಕಗಳಲ್ಲಿ ಏಳನೆಯದನ್ನು ಓದುತ್ತಿದ್ದೇನೆ. ಜೊತೆಗೆ ರೋಮನ್ ಲೇಖಕ ಪ್ಲಿನಿಯ ಪ್ರಕೃತಿ ವಿಶ್ವಕೋಶದ 36ನೇ ಪುಸ್ತಕದಲ್ಲಿ ಸುಣ್ಣದ ಬಗ್ಗೆ ಬರುವ ಭಾಗ. ಪಕ್ಕದಲ್ಲಿ ನಿಘಂಟು ಇದೆ, ಆದರೂ ಸಿಕ್ಕಿಹಾಕಿಕೊಂಡಿದ್ದೇನೆ. ಟೆಕ್ಟೋರಿಯಮ್ ನೋಡಿದರೆ ಪ್ಲಾಸ್ಟರ್ ಅಂತ ಇದೆ. ಅಲ್ಬಾರಿಯಮ್, ಅದೂ ಪ್ಲಾಸ್ಟರ್. ಅರೆನಾಟಮ್, ಮಾರ್ಮೊರಾಟಮ್, ಟ್ರುಲ್ಲಿಸ್ಸಾಟಿಯೊ, ಜಿಪ್ಸಮ್ ಎಲ್ಲಕ್ಕೂ ಸ್ವಲ್ಪ ಹಿಂದೆ ಮುಂದೆ ಅದೇ ಅರ್ಥ. ನಿಘಂಟಿನಲ್ಲಿ ಪ್ಲಾಸ್ಟರ್ ಅಂತ ತಿರುಗಿಸಿ ಹುಡುಕಿದರೆ ಮೊದಲು ಸಿಗುವುದು ಎಂಪ್ಲಾಸ್ಟ್ರಮ್. ಆದರೆ ಗೋಡೆಯ ಕೆಲಸ ಹೇಳುವ ಈ ಅಧ್ಯಾಯದಲ್ಲಿ ಆ ಪದವೇ ಇಲ್ಲ!

ಇವೆಲ್ಲ ಒಂದಕ್ಕೇ ಇರುವ ಬೇರೆ ಬೇರೆ ಹೆಸರುಗಳಾ, ಅಥವಾ ಬೇರೆ ಬೇರೆ ವಸ್ತುಗಳಾ? ಲ್ಯಾಟಿನ್ ವ್ಯಾಕರಣ ಪರವಾಗಿಲ್ಲ, ಬರುತ್ತದೆ. ಗಾರೆ ಕೆಲಸ ಮಾತ್ರ ಏನೂ ಗೊತ್ತಿಲ್ಲ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಸುಣ್ಣಗಾರೆ ಉತ್ತರಿಸಿದ್ದು:

ಒಂದೇ ಅಲ್ಲ. ನಾನು ಹಳೆ ಕಟ್ಟಡಗಳ ಸುಣ್ಣದ ಗಾರೆ ದುರಸ್ತಿ ಮಾಡುವವನು. ಲ್ಯಾಟಿನ್ ಕಲಿತದ್ದೇ ನೀವು ಓದುತ್ತಿರುವ ಆ ಅಧ್ಯಾಯಗಳಿಗಾಗಿ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಈ ಪದಗಳನ್ನು ಪಟ್ಟಿ ಮಾಡಿ ಉರು ಹೊಡೆಯಬೇಡಿ. ಇಟ್ಟಿಗೆಯ ಬರಿ ಗೋಡೆಯಿಂದ ಶುರು ಮಾಡಿ ಒಂದೊಂದೇ ಪದರ ಹಾಕುತ್ತಾ ಹೊರಗೆ ಬನ್ನಿ. ಮೊದಲು ಬರುವುದು ಟ್ರುಲ್ಲಿಸ್ಸಾಟಿಯೊ. ಟ್ರುಲ್ಲಾ ಅಂದರೆ ಕರಣೆ. ಕರಣೆಯಲ್ಲಿ ಎತ್ತಿ ಗೋಡೆಗೆ ಬಡಿದು ಮೆತ್ತುವ ಒರಟು ಪದರ ಇದು. ಎಷ್ಟಾಗುತ್ತದೋ ಅಷ್ಟು ಒರಟಾಗಿರಲಿ ಅಂತ ವಿಟ್ರುವಿಯಸ್ ಹೇಳುತ್ತಾನೆ. ಯಾಕೆಂದರೆ ಮುಂದಿನ ಪದರಕ್ಕೆ ಹಿಡಿತ ಸಿಗಬೇಕಲ್ವಾ. ನುಣುಪಾದ ಮೈ ಮೇಲೆ ಹಾಕಿದ ಗಾರೆ ಹಪ್ಪಳದ ಹಾಗೆ ಎದ್ದು ಬರುತ್ತದೆ.

ಅದು ಅರೆಬರೆ ಒಣಗುವಾಗ ಅರೆನಾಟಮ್. ಅರೆನಾ ಅಂದರೆ ಮರಳು, ಹಾಗಾಗಿ ಇದು ಸುಣ್ಣ ಮತ್ತು ಮರಳಿನ ಗಾರೆ. ಗೋಡೆಯನ್ನು ನೇರ ಮಾಡುವ ಕೆಲಸ ಪೂರ್ತಿ ಇಲ್ಲೇ ಆಗುತ್ತದೆ. ಉದ್ದಕ್ಕೆ ಪಟ್ಟಿ ಮತ್ತು ದಾರ, ಎತ್ತರಕ್ಕೆ ತೂಗುಗುಂಡು, ಮೂಲೆಗೆ ಮೂಲೆಮಟ್ಟ. ಇಂಥ ಪದರ ಕನಿಷ್ಠ ಮೂರು ಬೇಕು ಅಂತ ಅವನ ಲೆಕ್ಕ. ಇದರ ಮೇಲೆ ಅಮೃತಶಿಲೆಯ ಪುಡಿ ಮತ್ತು ಸುಣ್ಣ ಕಲಸಿದ ಪದರಗಳು. ಮೊದಲು ದಪ್ಪ ಕಾಳಿನ ಪುಡಿ, ಆಮೇಲೆ ಮಧ್ಯಮ, ಕೊನೆಗೆ ತೀರಾ ನುಣ್ಣನೆಯದು. ಪ್ಲಿನಿ ಇದನ್ನೇ ಮಾರ್ಮೊರಾಟಮ್ ಅನ್ನುತ್ತಾನೆ. ವಿಟ್ರುವಿಯಸ್ ಮರಳಿನದು ಮೂರು, ಅಮೃತಶಿಲೆಯದು ಮೂರು ಪದರ ಹೇಳಿದರೆ, ಪ್ಲಿನಿ ಮೂರು ಮತ್ತು ಎರಡು ಅನ್ನುತ್ತಾನೆ. ಅಷ್ಟಿಲ್ಲದಿದ್ದರೆ ಹೊಳಪು ಬರುವುದಿಲ್ಲ ಅನ್ನುವುದರಲ್ಲಿ ಇಬ್ಬರೂ ಒಂದೇ.

ಟೆಕ್ಟೋರಿಯಮ್ ಈ ಯಾವ ಒಂದು ಪದರವೂ ಅಲ್ಲ. ಟೆಗೆರೆ ಅಂದರೆ ಮುಚ್ಚು, ಹೊದಿಸು. ಗೋಡೆಗೆ ಹೊದಿಸಿದ್ದೆಲ್ಲ ಸೇರಿ ಟೆಕ್ಟೋರಿಯಮ್. ಆ ಕೆಲಸ ಮಾಡುವವನು ಟೆಕ್ಟರ್. ವಿಟ್ರುವಿಯಸ್‌ಗೆ ಒಂದೊಂದು ಪದರವನ್ನು ಎಣಿಸಿ ಹೇಳಬೇಕಾದಾಗ ಬೇರೆಯೇ ಒಂದು ಪದ ಬೇಕು, ಅದು ಕೋರಿಯಮ್. ಅಂದರೆ ತೊಗಲು. ನಿಮ್ಮ ನಿಘಂಟು ಅಲ್ಲಿ ಚರ್ಮ ಅಂತ ಕೊಟ್ಟರೆ ಗಾಬರಿ ಆಗಬೇಡಿ.

ಇನ್ನು ಎರಡನೇ ಅಧ್ಯಾಯ. ದಯವಿಟ್ಟು ಅದನ್ನು ಹಾರಿಸಬೇಡಿ. ನನ್ನ ಪ್ರಕಾರ ಇಡೀ ಪುಸ್ತಕದ ಜೀವ ಇರುವುದೇ ಅಲ್ಲಿ. ಸುಟ್ಟ ಸುಣ್ಣದ ಕಲ್ಲನ್ನು ಕೆಲಸಕ್ಕೆ ತುಂಬಾ ಮುಂಚೆಯೇ ನೀರಲ್ಲಿ ಅರಳಿಸಿ ಇಡಬೇಕು. ಅವಸರದಲ್ಲಿ ಹೊಸ ಸುಣ್ಣ ಬಳಸಿದರೆ ಒಳಗೆ ಅರಳದ ಹರಳುಗಳು ಉಳಿದಿರುತ್ತವೆ. ಗೋಡೆಗೆ ಹೋದ ಮೇಲೆ ಅವು ನಿಧಾನಕ್ಕೆ ಅರಳಿ, ಮೈಯನ್ನು ಗುಳ್ಳೆ ಗುಳ್ಳೆಯಾಗಿ ಒಡೆಯುತ್ತವೆ. ವಿಟ್ರುವಿಯಸ್ ಬಳಸುವ ಪದವೂ ಗುಳ್ಳೆ ಅಂತಲೇ, ಪುಸುಲಾ. ಇಂಥ ಗೋಡೆಗಳನ್ನು ನಾನು ಕೆರೆದು ತೆಗೆದಿದ್ದೇನೆ. ಪ್ರತಿ ಗುಳ್ಳೆಯ ಬುಡದಲ್ಲೂ ಒಂದು ಬಿಳಿ ಚುಕ್ಕೆ ಕೂತಿರುತ್ತದೆ. ಪ್ಲಿನಿ ಇನ್ನೊಂದು ವಿಷಯ ಸೇರಿಸುತ್ತಾನೆ. ಹಳೆ ಕಾಲದ ಕಟ್ಟಡ ನಿಯಮಗಳಲ್ಲಿ ಮೂರು ವರ್ಷಕ್ಕಿಂತ ಹೊಸ ಸುಣ್ಣವನ್ನು ಗುತ್ತಿಗೆದಾರ ಬಳಸಬಾರದು ಅಂತ ಇತ್ತಂತೆ. ಅವರ ಗೋಡೆಗಳಲ್ಲಿ ಬಿರುಕು ಬರದಿದ್ದುದು ಅದಕ್ಕೇ ಅನ್ನುತ್ತಾನೆ.

ಹದ ನೋಡುವುದನ್ನು ವಿಟ್ರುವಿಯಸ್ ಹೇಳುವ ರೀತಿ ನನಗೆ ಬಹಳ ಇಷ್ಟ. ಸುಣ್ಣದ ಹೊಂಡಕ್ಕೆ ಗುದ್ದಲಿಯಂಥ ಹತಾರ ಹಾಕಿ, ಮರ ಕೆತ್ತಿದ ಹಾಗೆ ಕೊಚ್ಚಬೇಕು. ಅಲಗಿಗೆ ಹರಳು ತಾಗಿದರೆ ಇನ್ನೂ ಅರಳಿಲ್ಲ. ಅಲಗು ಒಣಗಿ ಚೊಕ್ಕಟವಾಗಿ ಬಂದರೆ ಸುಣ್ಣಕ್ಕೆ ಸತ್ವವಿಲ್ಲ, ಬಾಯಾರಿದೆ. ಬಾಯಾರಿದೆ ಅನ್ನುವುದು ಅವನದೇ ಮಾತು. ಅಂಟಿನ ಹಾಗೆ ಸುತ್ತ ಮೆತ್ತಿಕೊಂಡರೆ ಹದ ಬಂದಿದೆ. ಮೂರನೇ ಅಧ್ಯಾಯದಲ್ಲಿ ಅಮೃತಶಿಲೆಯ ಗಾರೆಗೆ ಇದೇ ಪರೀಕ್ಷೆ ತಿರುಗುಮುರುಗು. ಅಲ್ಲಿ ಸಲಿಕೆಗೆ ಏನೂ ಅಂಟದೆ ಕಬ್ಬಿಣ ಚೊಕ್ಕಟವಾಗಿ ಹೊರಬರಬೇಕು. ಅಡ್ಡಾದಿಡ್ಡಿ ಓದಿದರೆ ವಿಟ್ರುವಿಯಸ್ ತನ್ನ ಮಾತಿಗೆ ತಾನೇ ವಿರುದ್ಧ ಹೇಳಿದ ಅನಿಸುತ್ತದೆ. ಹಾಗಲ್ಲ. ಮೊದಲನೆಯದು ಬರಿ ಸುಣ್ಣ, ಎರಡನೆಯದು ಪುಡಿ ಸೇರಿಸಿ ಚೆನ್ನಾಗಿ ನಾದಿದ ಗಾರೆ. ಯಾವ ಪದ ಯಾವುದಕ್ಕೆ ಅಂತ ಗೊತ್ತಿಲ್ಲದೆ ಓದಿದರೆ ಎಡವುವುದು ಇಂಥ ಕಡೆಯೇ.

ಪುಟದಂಚು:

ಈಗ ಅಧ್ಯಾಯವೇ ಬೇರೆ ಥರ ಕಾಣುತ್ತಿದೆ. ಜಿಪ್ಸಮ್ ಮತ್ತು ಅಲ್ಬಾರಿಯಮ್ ಎಲ್ಲಿ ಕೂರುತ್ತವೆ? ಸ್ಟಕ್ಕೋ ಅಂತಾರಲ್ಲ, ಅದಕ್ಕೆ ಲ್ಯಾಟಿನ್ ಪದ ಅಲ್ಬಾರಿಯಮ್ಮೇನಾ?

ಔಷಧಿಕಪಾಟು ಉತ್ತರಿಸಿದ್ದು:

ಎಂಪ್ಲಾಸ್ಟ್ರಮ್ ಬಗ್ಗೆ ನಾನು ಹೇಳುತ್ತೇನೆ, ನಾನು ಓದುವುದು ಹಳೆ ವೈದ್ಯದ ಪುಸ್ತಕಗಳನ್ನು. ಅದು ಗೋಡೆಯದಲ್ಲ, ಮೈಯದು. ಗಾಯಕ್ಕೆ, ಊತಕ್ಕೆ ಹಾಕುವ ಪಟ್ಟು. ಗ್ರೀಕ್‌ನಿಂದ ಬಂದದ್ದು, ಮೂಲದಲ್ಲಿ ಮೇಲೆ ಬಳಿ, ಮೆತ್ತು ಅಂತ ಅರ್ಥ. ವೈದ್ಯದ ಬಗ್ಗೆ ಬರೆದ ರೋಮನ್ ಲೇಖಕ ಸೆಲ್ಸಸ್ ತನ್ನ ಐದನೇ ಪುಸ್ತಕದಲ್ಲಿ ಇದನ್ನು ಮಲಗ್ಮಾ ಅನ್ನುವ ಇನ್ನೊಂದು ಲೇಪದಿಂದ ಬೇರೆ ಮಾಡುತ್ತಾನೆ. ಹೂವು, ಚಿಗುರುಗಳಿಂದ ಮಾಡಿ ಗಾಯವಿಲ್ಲದ ಚರ್ಮಕ್ಕೆ ಹಚ್ಚುವುದು ಮಲಗ್ಮಾ. ಲೋಹದ ಅಂಶ ಸೇರಿಸಿ ಕಾಯಿಸಿ ಮಾಡುವುದು ಎಂಪ್ಲಾಸ್ಟ್ರಮ್. ಅದರಲ್ಲಿ ಸೀಸದ ಭಸ್ಮ ಬಹಳ ಸಲ ಬರುತ್ತದೆ.

ಇದೇ ಪದ ತೋಟಕ್ಕೂ ಹೋಗಿದೆ. ಒಂದು ಮೊಗ್ಗನ್ನು ಸ್ವಲ್ಪ ತೊಗಟೆ ಸಮೇತ ಬಿಡಿಸಿ, ಇನ್ನೊಂದು ಗಿಡದ ತೊಗಟೆ ಸುಲಿದ ಜಾಗಕ್ಕೆ ಕೂರಿಸುವ ಕಸಿಯನ್ನು ರೈತರು ಎಂಪ್ಲಾಸ್ಟ್ರಾಟಿಯೊ ಅನ್ನುತ್ತಾರೆ ಅಂತ ರೋಮನ್ ಕೃಷಿ ಲೇಖಕ ಕೊಲುಮೆಲ್ಲಾ ಬರೆದಿದ್ದಾನೆ. ಗಿಡಕ್ಕೆ ಪಟ್ಟು ಹಾಕಿದ ಹಾಗೆಯೇ ಅದು ಕಾಣುತ್ತದೆ.

ಇಂಗ್ಲಿಷ್‌ನ ಪ್ಲಾಸ್ಟರ್ ಹುಟ್ಟಿದ್ದು ಈ ವೈದ್ಯದ ಪದದಿಂದ, ಗೋಡೆಗೆ ಹತ್ತಿದ್ದು ಆಮೇಲೆ. ನಿಘಂಟನ್ನು ತಿರುಗಿಸಿ ಹುಡುಕಿದಾಗ ನಿಮಗೆ ಮೊದಲು ಇದು ಸಿಕ್ಕಿದ್ದು ಅದಕ್ಕೇ.

ಸುಣ್ಣಗಾರೆ:

ಔಷಧಿಕಪಾಟು ಅವರೇ, ಕಸಿಯ ವಿಷಯ ನನಗೆ ಗೊತ್ತೇ ಇರಲಿಲ್ಲ, ಓದಿ ಖುಷಿಯಾಯಿತು.

ಪುಟದಂಚು, ಈಗ ನಿಮ್ಮ ಜಿಪ್ಸಮ್. ಇದು ಸುಣ್ಣದ ಒಂದು ಬಗೆ ಅಲ್ಲ, ಜಾತಿಯೇ ಬೇರೆ. ಸುಣ್ಣದ ಕಲ್ಲು ಸುಡಲು ಸುಮಾರು 900 ಡಿಗ್ರಿ ಸೆಲ್ಸಿಯಸ್ ಬೇಕು. ಜಿಪ್ಸಮ್‌ಗೆ 150ರ ಆಸುಪಾಸು ಸಾಕು. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ, ಒಳಗಿನವರೆಗೆ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಜಿಪ್ಸಮ್ ಕಳೆದುಕೊಂಡ ನೀರನ್ನೇ ವಾಪಸ್ ಕುಡಿದು ನಿಮಿಷಗಳಲ್ಲಿ ಬಿಗಿಯುತ್ತದೆ. ಪ್ಲಿನಿ ಎರಡನ್ನೂ ನಂಟರು ಅನ್ನುತ್ತಾನೆ, ಆದರೆ ಕಲಸಿದ ಜಿಪ್ಸಮ್ ಅನ್ನು ತಕ್ಷಣ ಬಳಸಿಬಿಡಬೇಕು ಅಂತ ಎಚ್ಚರಿಕೆಯನ್ನೂ ಕೊಡುತ್ತಾನೆ.

ಇಲ್ಲೊಂದು ಭಿನ್ನಾಭಿಪ್ರಾಯ ಇದೆ, ಗಮನಿಸಿ. ಛಾವಣಿ ಅಂಚಿನ ಪಟ್ಟಿಗಳಿಗೆ, ಅಂದರೆ ಕೊರೋನಾಗಳಿಗೆ, ಜಿಪ್ಸಮ್ ಸೇರಿಸಲೇಬೇಡಿ ಅಂತ ವಿಟ್ರುವಿಯಸ್. ಅದು ಮೊದಲೇ ಬಿಗಿದುಕೊಂಡು ಉಳಿದದ್ದನ್ನು ಒಂದೇ ಸಮ ಒಣಗಲು ಬಿಡುವುದಿಲ್ಲ ಅನ್ನುವುದು ಅವನ ಕಾರಣ. ಅವನಿಗಿಂತ ಸುಮಾರು ನೂರು ವರ್ಷ ಆಮೇಲೆ ಬಂದ ಪ್ಲಿನಿ, ಅಲ್ಬಾರಿಯಮ್ ಕೆಲಸಕ್ಕೂ ಕಟ್ಟಡದ ಚಿಕ್ಕ ಬೊಂಬೆಗಳಿಗೂ ಕೊರೋನಾಗಳಿಗೂ ಜಿಪ್ಸಮ್ ಬಹಳ ಚೆನ್ನ ಅನ್ನುತ್ತಾನೆ. ನಾನು ವಿಟ್ರುವಿಯಸ್ ಪಕ್ಷ. ಸುಣ್ಣದ ಮೈಗೆ ಜಿಪ್ಸಮ್ ತೇಪೆ ಹಾಕಿದ ಕಡೆ ಅದರ ಅಂಚಿನಲ್ಲೇ ಸೀಳು ಬಿಟ್ಟಿರುವುದನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಅಚ್ಚು ತೆಗೆಯಲು ಜಿಪ್ಸಮ್‌ಗೆ ಸಾಟಿ ಇಲ್ಲ. ಮನುಷ್ಯನ ಮುಖದ ಮೇಲೇ ಜಿಪ್ಸಮ್ ಹಾಕಿ ಅಚ್ಚು ತೆಗೆದ ಮೊದಲಿಗ ಗ್ರೀಕ್ ಶಿಲ್ಪಿ ಲಿಸಿಪ್ಪಸ್‌ನ ತಮ್ಮನೋ ಅಣ್ಣನೋ ಆದ ಸಿಕ್ಯೋನ್ ಊರಿನ ಲಿಸಿಸ್ಟ್ರಾಟಸ್ ಅಂತ ಪ್ಲಿನಿ ಬರೆದಿದ್ದಾನೆ. ಪೊಂಪೈ ಊರಿನಲ್ಲಿ ಕ್ರಿ.ಶ. 79ರಲ್ಲಿ ಜ್ವಾಲಾಮುಖಿ ಸಿಡಿದು ಸತ್ತವರ ದೇಹಗಳು ಬೂದಿಯಲ್ಲಿ ಬಿಟ್ಟುಹೋದ ಪೊಳ್ಳುಗಳಿಗೆ 1863ರಲ್ಲಿ ಪುರಾತತ್ವಜ್ಞ ಜುಸೆಪ್ಪೆ ಫಿಯೊರೆಲ್ಲಿ ಹುಯ್ದದ್ದೂ ಜಿಪ್ಸಮ್ಮೇ.

ಅಲ್ಬಾರಿಯಮ್ ಬಗ್ಗೆ ಪಂಡಿತರಲ್ಲಿ ಒಮ್ಮತ ಇಲ್ಲ. ಆಲ್ಬುಸ್ ಅಂದರೆ ಬಿಳಿ. ಕೆಲವರು ಬಿಳಿಯ ಕೊನೆ ಲೇಪ ಅನ್ನುತ್ತಾರೆ, ಕೆಲವರು ಉಬ್ಬು ಚಿತ್ರಗಳ ಗಾರೆ ಕೆಲಸ ಅನ್ನುತ್ತಾರೆ. ಪಠ್ಯ ನೋಡಿದರೆ ಎರಡನೇ ಅಧ್ಯಾಯವನ್ನು ವಿಟ್ರುವಿಯಸ್ ಅಲ್ಬಾರಿಯಮ್ ಕೆಲಸಗಳ ಬಗ್ಗೆ ಈಗ ಹೇಳುತ್ತೇನೆ ಅಂತ ಶುರು ಮಾಡಿ, ನೇರವಾಗಿ ಸುಣ್ಣ ಅರಳಿಸುವುದಕ್ಕೆ ಹೋಗುತ್ತಾನೆ. ಐದನೇ ಪುಸ್ತಕದಲ್ಲಿ ಸ್ನಾನಗೃಹದ ಕಮಾನಿಗೆ ಅಲ್ಬಾರಿಯಮ್ ಇಲ್ಲವೇ ಟೆಕ್ಟೋರಿಯಮ್ ಅಂತ ಎರಡನ್ನೂ ಹೇಳುತ್ತಾನೆ. ಬಿಳಿ ಸುಣ್ಣವೇ ಮುಖ್ಯವಾದ, ಕಣ್ಣಿಗೆ ಬಿಳಿಯಾಗೇ ಕಾಣುವ ಮುಗಿತಾಯದ ಕೆಲಸ ಅಂತ ನಾನು ಓದಿಕೊಳ್ಳುತ್ತೇನೆ. ಬರಿ ಸುಣ್ಣ ಬಳಿಯುವುದಕ್ಕೆ ಡೆಆಲ್ಬಾರೆ ಅನ್ನುವ ಬೇರೆ ಕ್ರಿಯಾಪದವೇ ಇದೆ. ಒಂದೇ ಗಡಿಗೆಯಿಂದ ಎರಡು ಗೋಡೆಗೆ ಸುಣ್ಣ ಬಳಿಯುವುದು ಅಂತ ರೋಮನ್ನರಲ್ಲಿ ಗಾದೆಯೂ ಇತ್ತು, ಸಿಸೆರೋಗೆ ಬಂದ ಒಂದು ಪತ್ರದಲ್ಲಿ ಅದು ಸಿಗುತ್ತದೆ.

ಇಟಲಿನಡೆ ಉತ್ತರಿಸಿದ್ದು:

ಸ್ಟಕ್ಕೋ ಲ್ಯಾಟಿನ್ ಅಲ್ಲ. ಇಟಲಿಗೆ ಬಂದು ನೆಲೆಸಿದ ಲೊಂಬಾರ್ಡರ ಜರ್ಮನ್ ಮೂಲದ ಮಾತಿನಿಂದ ಇಟಾಲಿಯನ್‌ಗೆ ಸೇರಿದ್ದು. ವಿಟ್ರುವಿಯಸ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಆದರೆ ಭಿತ್ತಿಚಿತ್ರದವರು ಕೊನೆಯ ನುಣ್ಣನೆ ಪದರಕ್ಕೆ ಹೇಳುವ ಇಂತೊನಾಕೊ ಲ್ಯಾಟಿನ್ ಬೇರಿನದು. ಟುನಿಕಾ, ಅಂದರೆ ಮೈಗೆ ತೊಡುವ ಅಂಗಿ, ಅದರಿಂದ ಬಂದದ್ದು.

ಸಾಹಿತ್ಯದಲ್ಲಿ ಬೇರೆ ಬಳಕೆ ಸಿಕ್ಕರೆ ಗೋಡೆ ಹುಡುಕಬೇಡಿ. ರೋಮನ್ ವಿಡಂಬನ ಕವಿ ಜುವೆನಾಲ್‌ನ ಆರನೇ ಕವಿತೆಯಲ್ಲಿ ಟೆಕ್ಟೋರಿಯಾ ಅಂದರೆ ಹೆಂಗಸು ಮುಖಕ್ಕೆ ಮೆತ್ತಿಕೊಂಡ ಲೇಪ. ಇನ್ನೊಬ್ಬ ವಿಡಂಬನ ಕವಿ ಪೆರ್ಸಿಯಸ್‌ನಲ್ಲಿ ನಾಲಿಗೆಗೆ ಬಳಿದ ಬಣ್ಣದ ಗಾರೆ, ಅಂದರೆ ಬೂಟಾಟಿಕೆ ಮಾತು.

ಪುಟದಂಚು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರನೇ ಅಧ್ಯಾಯದ ಕೊನೆಯಲ್ಲಿ ಕ್ರುಸ್ಟಾ ಅಂತ ಒಂದು ಪದ ಇದೆ. ಹಳೆ ಗೋಡೆಗಳಿಂದ ಅದನ್ನು ಕತ್ತರಿಸಿ ಅಬಾಕುಸ್ ಮಾಡಿಕೊಳ್ಳುತ್ತಾರೆ ಅಂತ. ಗಾರೆಯನ್ನು ಕತ್ತರಿಸುವುದಾ? ಓದಿದ್ದು ಸರೀನಾ?

ಸುಣ್ಣಗಾರೆ:

ಸರಿಯಾಗೇ ಓದಿದ್ದೀರಿ. ಕ್ರುಸ್ಟಾ ಅಂದರೆ ಗಟ್ಟಿಯಾದ ಮೇಲ್ಪದರ, ಹಲಗೆಯಾಗಿ ಎದ್ದು ಬರುವಂಥದ್ದು. ಅದರ ಹಿಂದಿನ ಸಾಲುಗಳನ್ನು ನೋಡಿ. ಗ್ರೀಕ್ ಗಾರೆಯವರು ದೊಡ್ಡ ಒರಳಿನಲ್ಲಿ ಸುಣ್ಣ ಮರಳು ಹಾಕಿ, ಹತ್ತು ಜನರ ತಂಡ ನಿಂತು ಮರದ ಒನಕೆಗಳಲ್ಲಿ ಕುಟ್ಟುತ್ತಿದ್ದರು. ಆಮೇಲೇ ಅದು ಗೋಡೆಗೆ ಹೋಗುತ್ತಿತ್ತು. ಹಾಗೆ ಮಾಡಿದ ಗಾರೆ ಕಲ್ಲಿನಷ್ಟೇ ಗಟ್ಟಿ. ಹಳೆ ಗೋಡೆಯಿಂದ ಹಲಗೆ ಹಲಗೆಯಾಗಿ ಕೊಯ್ದು ಮೇಜಿನ ಮೇಲ್ಭಾಗದ ಥರ ಬಳಸುತ್ತಿದ್ದರು. ಅದೇ ಅಬಾಕುಸ್.

ನಾಲ್ಕನೇ ಅಧ್ಯಾಯಕ್ಕೆ ಹೋಗುವ ಮುಂಚೆ ಒಂದು ಮಾತು. ಅಲ್ಲಿ ತೇವ ಇರುವ ಕಡೆ ನೆಲದಿಂದ ಸುಮಾರು ಮೂರು ಅಡಿ ಎತ್ತರದವರೆಗೆ ಅರೆನಾಟಮ್ ಬದಲು ಟೆಸ್ಟಾ ಬಳಸಿ ಅನ್ನುತ್ತಾನೆ. ನಿಘಂಟು ಮಡಕೆ, ಚಿಪ್ಪು ಅಂತ ಏನೇನೋ ಕೊಡುತ್ತದೆ. ಕುಟ್ಟಿದ ಹೆಂಚಿನ ಪುಡಿ ಅಂತ ಓದಿಕೊಳ್ಳಿ. ಸುಣ್ಣಕ್ಕೆ ಅದು ಸೇರಿದರೆ ಗಾರೆ ತೇವದಲ್ಲೂ ಗಟ್ಟಿಯಾಗುತ್ತದೆ. ಅಲ್ಲಿಂದ ಮುಂದಿನದು ಸುಲಭ.