ಪದಚರ್ಚೆ: ಮರಾಠಿಯ ‘ಚಾಹೂಲ’ಕ್ಕೆ ಕನ್ನಡದಲ್ಲಿ ಏನು ಹೇಳೋಣ? (ಏರಿಳಿಯುವ ಮೇಜಿನ ಕೈಪಿಡಿಗೆ)

ಗೆಳೆಯರೇ,

ಮರಾಠಿಯ ‘ಚಾಹೂಲ’ಕ್ಕೆ, ಅಂದರೆ ಯಾರೋ ಬರುತ್ತಿರುವುದು ಕಾಣುವ ಮೊದಲೇ ಗೊತ್ತಾಗುವುದಕ್ಕೆ, ಒಂದು ಕನ್ನಡ ಪದಕ್ಕಾಗಿ ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ನಿಮ್ಮ ನೆರವು ಬೇಕು.

ನಾನಿರುವುದು ಪುಣೆಯಲ್ಲಿ. ಇಲ್ಲಿ ಭೋಸರಿಯ ಒಂದು ಸಣ್ಣ ಕಾರ್ಖಾನೆಯವರು ಮೋಟರಿನಿಂದ ಏರಿಳಿಯುವ ಮೇಜು, ಕಾಲು ಚಾಚುವ ರಿಕ್ಲೈನರ್ ಕುರ್ಚಿ, ತಲೆಯ ಕಡೆ ಎತ್ತುವ ಮಂಚ ಇಂಥವನ್ನು ಮಾಡುತ್ತಾರೆ. ಮಾಲು ಬೆಳಗಾವಿ, ಹುಬ್ಬಳ್ಳಿ ಕಡೆಗೂ ಹೋಗುತ್ತದೆ. ಜೋಡಿಸುವ ಹುಡುಗರಲ್ಲಿ ಅರ್ಧಕ್ಕರ್ಧ ಕಲಬುರಗಿ, ವಿಜಯಪುರದವರು. ಅದಕ್ಕೇ ಕೈಪಿಡಿ ಕನ್ನಡದಲ್ಲೂ ಇರಲಿ ಎಂದು ನನಗೆ ಕೊಟ್ಟಿದ್ದಾರೆ.

ಮೊದಲು ಈ ವಸ್ತು ಏನು ಮಾಡುತ್ತದೆ ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪದದ ಚರ್ಚೆ ಗಾಳಿಯಲ್ಲಿ ನಡೆಯುತ್ತದೆ. ಈಗ ಮಾರುಕಟ್ಟೆಯಲ್ಲಿರುವ ಬಹಳಷ್ಟು ಮೇಜುಗಳಲ್ಲಿ ಸುರಕ್ಷತೆ ಎಂದರೆ ಇಷ್ಟೇ: ಮೇಜು ಯಾವುದಕ್ಕಾದರೂ ತಗುಲಿದಾಗ ಮೋಟರಿಗೆ ಭಾರ ಬೀಳುತ್ತದೆ, ಅದು ಎಳೆಯುವ ಕರೆಂಟು ಏರುತ್ತದೆ, ಅದನ್ನು ನೋಡಿ ಬೋರ್ಡು (ಮೋಟರನ್ನು ನಡೆಸುವ ಎಲೆಕ್ಟ್ರಾನಿಕ್ ಹಲಗೆ) ಮೋಟರನ್ನು ನಿಲ್ಲಿಸಿ ಸ್ವಲ್ಪ ಹಿಂದಕ್ಕೆ ಸರಿಸುತ್ತದೆ. ಅಂದರೆ ತಗುಲಿದ ಮೇಲೆ. ಗಟ್ಟಿ ಕುರ್ಚಿಯ ಕೈ ತಗುಲಿದರೆ ಇದು ಸಾಕು. ಮಗುವಿನ ಬೆರಳು ಮೆತ್ತಗಿರುತ್ತದೆ, ಮೋಟರಿಗೆ ಅದರ ಭಾರ ತಿಳಿಯುವಷ್ಟರಲ್ಲಿ ಬೆರಳು ಸಿಕ್ಕಿರುತ್ತದೆ.

ಹೊಸ ವ್ಯವಸ್ಥೆ ಬೇರೆ. ಮೇಜಿನ ಅಂಚಿನ ಹಿಂದೆ, ಕಾಣದಂತೆ, ತಾಮ್ರದ ತೆಳು ಪಟ್ಟಿ ಅಂಟಿಸುತ್ತಾರೆ. ಅದಕ್ಕೊಂದು ತಂತಿ, ಆ ತಂತಿ ಬೋರ್ಡಿಗೆ. ಬೋರ್ಡು ಆ ಪಟ್ಟಿಗೆ ಸೆಕೆಂಡಿಗೆ ಎಷ್ಟೋ ಸಲ ಚಾರ್ಜು ತುಂಬಿ ಖಾಲಿ ಮಾಡುತ್ತಾ, ಎಷ್ಟು ಹಿಡಿಯಿತು ಎಂದು ಅಳೆಯುತ್ತದೆ. ನಮ್ಮ ಮೈಯಲ್ಲಿ ನೀರೇ ಜಾಸ್ತಿ ಅಲ್ವಾ, ಉಪ್ಪು ಬೆರೆತ ನೀರು, ಕರೆಂಟು ಹರಿಯುವಂಥದ್ದು. ಕೈ ಹತ್ತಿರ ಬಂದರೆ ಪಟ್ಟಿ ಒಂದು ಚೂರು ಹೆಚ್ಚು ಹಿಡಿಯುತ್ತದೆ. ಚೂರು ಎಂದರೆ ನಿಜಕ್ಕೂ ಚೂರು: ಇದನ್ನು ಅಳೆಯುವುದು ಪಿಕೋಫ್ಯಾರಡ್‌ಗಳಲ್ಲಿ, ಅಂದರೆ ಒಂದು ಫ್ಯಾರಡ್‌ನ (ಚಾರ್ಜು ಹಿಡಿಯುವ ಶಕ್ತಿಯ ಅಳತೆ ಅದು) ಲಕ್ಷ ಕೋಟಿಯಲ್ಲೊಂದು ಪಾಲು. ಹೆಚ್ಚು ಚಾರ್ಜು ಹಿಡಿಯಲು ನೆರವಾಗುವ ಗುಣದಲ್ಲಿ ಗಾಳಿಗೆ 1 ಅಂಕ ಕೊಟ್ಟರೆ ಒಣ ಮರಕ್ಕೆ ಕೆಲವೇ ಅಂಕ, ನೀರಿಗೆ ಸುಮಾರು 80. ಹಾಗಾಗಿ ಪಟ್ಟಿ ಮರದ ಹಲಗೆಯ ಆಚೆಯಿಂದಲೇ ಕೈಯನ್ನು ತಿಳಿಯುತ್ತದೆ, ಕೆಲವು ಸೆಂಟಿಮೀಟರ್ ದೂರದಲ್ಲೇ, ಮುಟ್ಟುವ ಮೊದಲೇ. ಮೋಟರು ನಿಲ್ಲುತ್ತದೆ.

ಈ ‘ಮುಟ್ಟುವ ಮೊದಲೇ’ ಎನ್ನುವುದನ್ನು ಯಾವ ಪದ ಹೊರುತ್ತದೆ? ಇದೇ ನನ್ನ ಪ್ರಶ್ನೆ.

ನನಗಿಂತ ಮೊದಲು ಯಾರೋ ಮಾಡಿದ್ದ ಕರಡಿನಲ್ಲಿ ‘ಧಾರಕತಾ ಸಂವೇದನೆಯಿಂದ ಪೀಠೋಪಕರಣದ ಸುರಕ್ಷತೆ’ ಎಂದಿತ್ತು. ತಪ್ಪೇನಿಲ್ಲ, ಕೆಪಾಸಿಟರಿಗೆ, ಅಂದರೆ ಚಾರ್ಜು ಹಿಡಿದಿಡುವ ಭಾಗಕ್ಕೆ, ಧಾರಕ ಎನ್ನುವುದು ಪುಸ್ತಕಗಳಲ್ಲಿ ಇದೆ. ಹಿಂದಿಯಲ್ಲೂ ಸಂಧಾರಿತ್ರ, ಧಾರಿತಾ ಎನ್ನುತ್ತಾರೆ. ಆದರೆ ಆ ಸಾಲನ್ನು ಜೋಡಿಸುವ ಹುಡುಗನೊಬ್ಬನಿಗೆ ಓದಿ ಹೇಳಿದಾಗ ಅವನು ಕೇಳಿದ್ದು, “ಸರ, ಅದು ಏನ್ ಮಾಡ್ತದ ಅನ್ನೂದು ಮೊದಲ ಹೇಳ್ರಿ.” ಕೆಪಾಸಿಟರಿಗೆ ಅವನಿಗೆ ಗೊತ್ತಿರುವ ಪದ ಕಂಡೆನ್ಸರ್. ಇಲ್ಲಿನ ಎಲೆಕ್ಟ್ರಿಕ್ ಸಾಮಾನಿನ ಪೇಟೆ ತಪಕೀರ್ ಗಲ್ಲಿಯಲ್ಲಿ ಫ್ಯಾನಿಗೆ ಹಾಕಲು ಕೇಳುವುದು ಅದನ್ನೇ, ಹುಬ್ಬಳ್ಳಿಯಲ್ಲೂ ಅದೇ. 1782ರಲ್ಲಿ ವೋಲ್ಟಾ ಬಳಕೆಗೆ ತಂದ ಪದ ಅದು. ಪುಸ್ತಕಗಳು ಅದನ್ನು ಬಿಟ್ಟು ಮುಂದೆ ಹೋದರೂ ಅಂಗಡಿಗಳು ಬಿಟ್ಟಿಲ್ಲ. ಆದರೂ ಕೈಪಿಡಿಗೆ ಅದು ಬೇಡ. ‘ಕಂಡೆನ್ಸರ್ ಪಟ್ಟಿ’ ಎಂದರೆ ಫ್ಯಾನಿನೊಳಗಿನ ಡಬ್ಬಿಯನ್ನು ಹುಡುಕಲು ಶುರು ಮಾಡುತ್ತಾರೆ.

ಸೆನ್ಸರಿಗೆ ಬಳಸುವ ‘ಸಂವೇದಕ’ದ ಬಗ್ಗೆ ನನ್ನ ತಕರಾರು ಬೇರೆ, ಅದು ಸ್ವಲ್ಪ ಸ್ವಂತದ್ದು. ನಮ್ಮ ಅಕ್ಕನ ಮನೆಯ ರಿಕ್ಲೈನರಿನ ಪುಸ್ತಕದಲ್ಲಿ ‘ಸುರಕ್ಷತಾ ಸಂವೇದಕ ಅಳವಡಿಸಲಾಗಿದೆ’ ಎಂದು ಕನ್ನಡದಲ್ಲಿ ಅಚ್ಚಾಗಿತ್ತು. ಅಕ್ಕ ಅದನ್ನು ನಂಬಿದಳು. ಮೂರು ವರ್ಷದ ಮಗಳು ಕಾಲುಹಲಗೆ ಮಡಚಿಕೊಳ್ಳುವಾಗ ಕೈ ಹಾಕಿದಳು. ಕುರ್ಚಿ ನಿಂತಿತು, ಆದರೆ ಬೆರಳು ಸಿಕ್ಕಿದ ಮೇಲೆ. ಅದರಲ್ಲಿ ಇದ್ದದ್ದು ಕರೆಂಟು ನೋಡಿ ನಿಲ್ಲಿಸುವ ಹಳೆಯ ವ್ಯವಸ್ಥೆ. ಎರಡು ಉಗುರು ಕಪ್ಪಾಗಿ ಬಿದ್ದುಹೋದವು, ಪುಣ್ಯಕ್ಕೆ ಮೂಳೆಗೆ ಏನೂ ಆಗಲಿಲ್ಲ. ತಗುಲಿದ ಮೇಲೆ ನಿಲ್ಲುವುದಕ್ಕೂ ತಗುಲುವ ಮೊದಲು ನಿಲ್ಲುವುದಕ್ಕೂ ‘ಸಂವೇದಕ’ ಎಂಬ ಒಂದೇ ಪದ ಬಳಸಿದರೆ ಓದುವ ತಾಯಿಗೆ ವ್ಯತ್ಯಾಸ ತಿಳಿಯುವುದು ಹೇಗೆ? ‘ಸ್ಪರ್ಶ ಸಂವೇದಕ’ ಎಂದರೆ ಇನ್ನೂ ತಪ್ಪು, ಇಲ್ಲಿ ಸ್ಪರ್ಶವೇ ಆಗಬಾರದು.

ಈಗ ಚಾಹೂಲ. ಮರಾಠಿ ಕೈಪಿಡಿ ಬರೆದವರು ತುಂಬ ಚಂದದ ಪದ ಹಿಡಿದಿದ್ದಾರೆ. ಯಾರೋ ಬರುತ್ತಿದ್ದಾರೆ, ಇನ್ನೂ ಕಂಡಿಲ್ಲ, ಆದರೆ ಬರುತ್ತಿರುವುದು ಗೊತ್ತಾಯಿತು ಎನ್ನುವುದಕ್ಕೆ ಮರಾಠಿಯಲ್ಲಿ ‘ಚಾಹೂಲ ಲಾಗಲೀ’ ಎನ್ನುತ್ತಾರೆ. ಮಳೆಗಾಲದ ಚಾಹೂಲ, ಹೆಜ್ಜೆಯ ಚಾಹೂಲ. ಪಟ್ಟಿಗೆ ಕೈಯ ಚಾಹೂಲ ಹತ್ತುತ್ತದೆ ಎಂದು ಅವರು ಬರೆದಿರುವುದನ್ನು ಓದಿದ ಕೂಡಲೇ ವಿಷಯ ತಲೆಗೆ ಹೋಗುತ್ತದೆ.

ಕನ್ನಡದಲ್ಲಿ ನನಗೆ ಹತ್ತಿರ ಕಂಡದ್ದು ‘ಸುಳಿವು’. ‘ಮಳೆಯ ಸುಳಿವೇ ಇಲ್ಲ’ ಎನ್ನುತ್ತೇವೆ. ‘ಇತ್ತ ಸುಳಿಯಬೇಡ’ ಎಂದರೆ ಹತ್ತಿರ ಬರಬೇಡ ಎಂದೇ. ಹತ್ತಿರ ಸುಳಿಯುವುದು, ಅದರ ಸುಳಿವು ಸಿಗುವುದು, ಎರಡೂ ಒಂದೇ ಬೇರಿನಿಂದ ಬರುತ್ತವೆ, ಇಲ್ಲಿ ಬೇಕಾದದ್ದೂ ಈ ಎರಡೇ. ‘ಸುಳಿವು ಪಟ್ಟಿ’, ‘ಕೈ ಹತ್ತಿರ ಸುಳಿದರೆ ಮೇಜು ನಿಲ್ಲುತ್ತದೆ’ ಎಂದು ಬರೆದರೆ ಹೇಗೆ? ನನ್ನ ಅನುಮಾನ ಒಂದೇ. ಪತ್ರಿಕೆ ಓದಿ ಓದಿ ಸುಳಿವು ಎಂದರೆ ಕಳ್ಳ ಬಿಟ್ಟುಹೋದ ಗುರುತು ಎಂಬ ಅರ್ಥ ಗಟ್ಟಿಯಾಗಿದೆ, ಅಂದರೆ ಆದ ಮೇಲೆ ಸಿಗುವುದು. ನಮಗೆ ಬೇಕಾದದ್ದು ಆಗುವ ಮೊದಲಿನದು. ‘ಸಪ್ಪಳ’ ಯೋಚಿಸಿದೆ, ಅದು ಕಿವಿಗೆ ಮಾತ್ರ. ‘ಮುಟ್ಟು’ ಸೇರಿದ ಯಾವ ಪದವೂ ಬೇಡ, ಮನೆಗಳಲ್ಲಿ ಅದಕ್ಕೆ ಬೇರೆ ಅರ್ಥವಿದೆ.

ಪದ ಏನೇ ಆಗಲಿ, ಅದು ಇರುವುದಕ್ಕಿಂತ ಜಾಸ್ತಿ ಭರವಸೆ ಕೊಡಬಾರದು. ಒಣ ಮರದ ಸ್ಕೇಲು, ಪ್ಲಾಸ್ಟಿಕ್ ಆಟಿಕೆ ಹತ್ತಿರ ಬಂದರೆ ಪಟ್ಟಿಗೆ ಹೆಚ್ಚುಕಡಿಮೆ ಏನೂ ತಿಳಿಯುವುದಿಲ್ಲ, ಅದಕ್ಕೇ ಕರೆಂಟು ನೋಡುವ ಹಳೆಯ ವ್ಯವಸ್ಥೆಯನ್ನೂ ಉಳಿಸಿಕೊಂಡಿದ್ದಾರೆ. ಒದ್ದೆ ಬಟ್ಟೆ ನೇತುಹಾಕಿದರೆ ಮೇಜು ಸುಮ್ನೆ ನಿಂತುಬಿಡಬಹುದು. ಪುಣೆಯ ಜುಲೈ ತಿಂಗಳಲ್ಲಿ ಮರವೇ ತೇವ ಹೀರಿ ಅಳತೆ ಮೆಲ್ಲಗೆ ಏರುತ್ತದೆ. ಆ ನಿಧಾನದ ಏರಿಕೆಯನ್ನು ಬೋರ್ಡು ‘ಇದು ಇವತ್ತಿನ ಹವೆ’ ಎಂದು ಒಪ್ಪಿಕೊಂಡು ಹೊಸ ಮಟ್ಟ ಹಾಕಿಕೊಳ್ಳುತ್ತದೆ. ಇಲ್ಲೇ ಒಂದು ಅಪಾಯವೂ ಇದೆ: ಅಲುಗಾಡದೆ ಬಹಳ ಹೊತ್ತು ಇಟ್ಟ ಕೈಯನ್ನೂ ಅದು ಹವೆ ಎಂದೇ ಒಪ್ಪಿಕೊಂಡುಬಿಡಬಹುದು. ಅದಕ್ಕೇ ಮೋಟರು ಓಡುವಾಗ ಮಟ್ಟ ಬದಲಿಸುವುದನ್ನು ನಿಲ್ಲಿಸಿರುತ್ತಾರೆ. ಈ ‘ಮಟ್ಟ’ಕ್ಕೆ ಬೇರೆ ಪದ ಬೇಡವೆನಿಸುತ್ತದೆ. ಗಾರೆ ಕೆಲಸದವರು, ಬಡಗಿಗಳು ದಿನಾ ‘ಮಟ್ಟ ನೋಡು’ ಎನ್ನುತ್ತಾರೆ, ಅದೇ ಸಾಕು.

ಇನ್ನೊಂದು ಸಣ್ಣ ಪ್ರಶ್ನೆ. ಎರಡು ಭಾಗ ಕೂಡುವಲ್ಲಿ ಬೆರಳು ಸಿಕ್ಕುವ ಜಾಗಕ್ಕೆ ಏನೆನ್ನೋಣ? ಜಜ್ಜುವುದು ಕಲ್ಲಿನ ಕೆಲಸ, ಚಿವುಟುವುದು ಉಗುರಿನ ಕೆಲಸ. ಕುರ್ಚಿಯ ಕೀಲು ಕೆಲಸ ಮಾಡುವುದು ಅಡಕತ್ತರಿಯ ಹಾಗೆ. ‘ಅಡಕತ್ತರಿ ಸಂದಿ’ ಎಂದು ಬರೆದು ಪಕ್ಕದಲ್ಲಿ ಚಿತ್ರ ಹಾಕೋಣ ಅನಿಸಿತ್ತು. ಆದರೆ ಅಡಕತ್ತರಿ ನೋಡಿಯೇ ಇಲ್ಲದ ಮನೆಗಳು ಈಗ ಎಷ್ಟೋ ಇವೆ, ಹಾಗಾಗಿ ‘ಬೆರಳು ಸಿಕ್ಕುವ ಸಂದಿ’ ಎಂದೇ ಇಟ್ಟಿದ್ದೇನೆ. ಬೇರೆ ಯಾರಿಗಾದರೂ ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ.

ಕರಾವಳಿಯವರು, ಮಲೆನಾಡಿನವರು, ಬೀದರ್ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ: ಕತ್ತಲಲ್ಲಿ ಯಾರೋ ಬರುತ್ತಿರುವುದು ಕಾಣುವ ಮೊದಲೇ ಗೊತ್ತಾದರೆ ನಿಮ್ಮೂರಲ್ಲಿ ಏನು ಹತ್ತಿತು, ಏನು ಸಿಕ್ಕಿತು ಎನ್ನುತ್ತಾರೆ? ಮುಂದಿನ ಶುಕ್ರವಾರ ಕೈಪಿಡಿ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಬೇರೆ ಪದ ಬಾರದಿದ್ದರೆ ‘ಸುಳಿವು ಪಟ್ಟಿ’ ಎಂದೇ ಹಾಕುತ್ತೇನೆ.