‘ತಲುಪಿಸಲಾಗಿದೆ’ ಎಂದು ತೋರಿಸುತ್ತಿದೆ, ದೂರದರ್ಶಕದ ಐಪೀಸ್ ಮಾತ್ರ ಬಂದಿಲ್ಲ. ಏನು ಮಾಡಲಿ?

ಕುಂದಾದ್ರಿ ಇರುಳು | 6 ನವೆಂಬರ್ 2025, ರಾತ್ರಿ 9.40

ಎರಡು ದಿನದಿಂದ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ನನ್ನ ದೂರದರ್ಶಕಕ್ಕೆ 30 ಮಿ.ಮೀ. ನಾಭಿದೂರದ, 82 ಡಿಗ್ರಿ ಅಗಲ ನೋಟದ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಆನ್‌ಲೈನ್‌ನಲ್ಲಿ ತರಿಸಿದ್ದೆ. ಅಡಿಕೆಯ ಮೊದಲ ಕೊಯ್ಲಿನ ದುಡ್ಡಿನಲ್ಲಿ 28 ಸಾವಿರ ಎತ್ತಿಟ್ಟು ಕೊಂಡದ್ದು. ಮಂಗಳವಾರ ಸಂಜೆಯಿಂದ ‘ತಲುಪಿಸಲಾಗಿದೆ’ ಎಂದು ತೋರಿಸುತ್ತಿದೆ. ಯಾರಿಗೆ ತಲುಪಿಸಿದರು? ನಮಗಂತೂ ಅಲ್ಲ. ಸಹಾಯವಾಣಿಗೆ ನಾಲ್ಕು ಸಲ ಕರೆ ಮಾಡಿದೆ. ನಾಲ್ವರೂ ಒಂದೇ ಮಾತು ಹೇಳಿ, ‘ಬೇರೆ ಏನಾದರೂ ಸಹಾಯ ಬೇಕೇ’ ಎಂದು ಕೇಳಿ ಫೋನ್ ಇಟ್ಟರು. 20ನೇ ತಾರೀಕು ಅಮಾವಾಸ್ಯೆ. ಅಷ್ಟರೊಳಗೆ ಬರಲೆಂದೇ ಬೇಗ ತರಿಸಿದ್ದು. ದಾರಿ ತಿಳಿದವರು ದಯವಿಟ್ಟು ಹೇಳಿ.

ಕನ್ನಡಿ ಉಜ್ಜುವವ | 6 ನವೆಂಬರ್, ರಾತ್ರಿ 9.58

ಪೆಟ್ಟಿಗೆಯ ಚೀಟಿಯ ಮೇಲೆ ತೂಕ ಎಷ್ಟೆಂದು ಬರೆದಿದೆ? ಮೊದಲು ಅದನ್ನು ಹೇಳಿ. ಸಾಗಣೆಯ ಕಳ್ಳತನಗಳಲ್ಲಿ ನೂರಕ್ಕೆ ನೂರು ಸಿಕ್ಕಿಬೀಳುವುದು ತೂಕದಲ್ಲಿ.

ಕುಂದಾದ್ರಿ ಇರುಳು | 6 ನವೆಂಬರ್, ರಾತ್ರಿ 10.05

ಪೆಟ್ಟಿಗೆಯೇ ಬಂದಿಲ್ಲ ಎಂದು ಬರೆದಿದ್ದೇನಲ್ಲ.

ಹಾಸನದ ಡಾಬ್ | 6 ನವೆಂಬರ್, ರಾತ್ರಿ 10.21

ಪಿನ್‌ಕೋಡ್ ಪರಿಶೀಲಿಸಿ. ನಿಮ್ಮದು ತೀರ್ಥಹಳ್ಳಿಯ 577432 ಅಲ್ಲವೇ? ಒಂದು ಅಂಕಿ ತಪ್ಪಿದರೂ ಪೆಟ್ಟಿಗೆ ಇನ್ನೊಂದು ತಾಲ್ಲೂಕಿಗೆ ಹೋಗಿ ಕುಳಿತಿರುತ್ತದೆ. ಕರ್ನಾಟಕದಲ್ಲಿ ಹೊಸಹಳ್ಳಿ ಎಂಬ ಹೆಸರಿನ ಊರುಗಳು ಎಷ್ಟಿವೆ ಎಂದು ಎಣಿಸಿದವರಿಲ್ಲ. ದೂರದರ್ಶಕದ ಕನ್ನಡಿಗಳನ್ನು ಸರಿಹೊಂದಿಸುವ ನನ್ನ ಕೊಲಿಮೇಷನ್ ಲೇಸರ್ ಹೀಗೆಯೇ ಬೇರೆ ಜಿಲ್ಲೆ ಸುತ್ತಿ ಹದಿನೆಂಟು ದಿನದ ಮೇಲೆ ಬಂತು. ಅಂಚೆ ಇಲಾಖೆ ಈ ವರ್ಷ ಡಿಜಿಪಿನ್ ತಂದಿದೆ. ಹತ್ತು ಅಕ್ಷರಗಳಲ್ಲಿ ಸುಮಾರು ನಾಲ್ಕು ಮೀಟರ್ ಚೌಕದಷ್ಟು ಜಾಗವನ್ನು ಅದು ಗುರುತಿಸುತ್ತದೆ. ಎಲ್ಲ ಕೊರಿಯರ್‌ನವರೂ ಅದನ್ನೇ ಬಳಸಿದ್ದರೆ ಈ ಗೋಳು ಇರುತ್ತಿರಲಿಲ್ಲ.

ಕುಂದಾದ್ರಿ ಇರುಳು | 6 ನವೆಂಬರ್, ರಾತ್ರಿ 10.30

ತೀರ್ಥಹಳ್ಳಿಗೆ ತರಿಸಿದ್ದಲ್ಲ. ನಮ್ಮ ಹಳ್ಳಿಯ ತನಕ ಕೊರಿಯರ್‌ನವರು ಬರುವುದಿಲ್ಲ. ಎಂದಿನಂತೆ ಬೆಂಗಳೂರಿನಲ್ಲಿರುವ ಭಾವಮೈದುನನ ಫ್ಲ್ಯಾಟಿಗೆ ಕಳುಹಿಸಲು ಹೇಳಿದ್ದೆ. ಅಲ್ಲಿಗೆ ಇದುವರೆಗೆ ಏಳೆಂಟು ಪೆಟ್ಟಿಗೆಗಳು ಬಂದಿವೆ, ಒಂದೂ ತಪ್ಪಿಲ್ಲ.

ರೋಹಿಣಿ ಶಕಟ | 6 ನವೆಂಬರ್, ರಾತ್ರಿ 10.47

ಇದನ್ನು ಮೊದಲೇ ಹೇಳಬೇಕಿತ್ತು. ಫ್ಲ್ಯಾಟ್ ಎಂದರೆ ಕಾವಲುಗಾರರ ಕೋಣೆ ಎಂದೇ ಅರ್ಥ. ಅಲ್ಲಿ ಮೂಲೆಯಲ್ಲಿ ರಾಶಿ ಬಿದ್ದಿರುವ ಪೆಟ್ಟಿಗೆಗಳಲ್ಲಿ ಹುಡುಕಿಸಿ. ಎದುರು ಮನೆಯವರು, ಇದೇ ಸಂಖ್ಯೆಯ ಬೇರೆ ಬ್ಲಾಕ್‌ನವರು, ಎಲ್ಲರನ್ನೂ ಕೇಳಿ. ‘ಬಿ 304’ರ ಬದಲು ‘ಡಿ 304’ಕ್ಕೆ ಕೊಟ್ಟು ಹೋಗುವುದು ಪ್ರತಿವಾರದ ಕಥೆ.

ಹಾಸನದ ಡಾಬ್ | 6 ನವೆಂಬರ್, ರಾತ್ರಿ 10.52

ಬೆಂಗಳೂರಾದರೂ ಪಿನ್‌ಕೋಡ್ ನೋಡಿ. 560ರ ಮುಂದಿನ ಮೂರು ಅಂಕಿಗಳಲ್ಲಿಯೇ ತಪ್ಪಾಗುವುದು.

ಕನ್ನಡಿ ಉಜ್ಜುವವ | 7 ನವೆಂಬರ್, ಬೆಳಿಗ್ಗೆ 6.15

ಪೆಟ್ಟಿಗೆ ಬಾರದಿದ್ದರೂ ಟ್ರ್ಯಾಕಿಂಗ್ ಪುಟದಲ್ಲಿ ತೂಕ ಇರುತ್ತದೆ. ಆ ಐಪೀಸ್ ಒಂದು ಕಿಲೋದಷ್ಟು ಭಾರ, ಪೆಟ್ಟಿಗೆ ಸೇರಿ 1.3 ಆದರೂ ಆಗಬೇಕು. ಎಷ್ಟಿದೆ ಎಂದು ಹೇಳಿ.

ಕುಂದಾದ್ರಿ ಇರುಳು | 7 ನವೆಂಬರ್, ಬೆಳಿಗ್ಗೆ 8.30

ಕಾವಲುಗಾರರ ಕೋಣೆಯಲ್ಲಿ ಇಲ್ಲ, ಅವರ ಪುಸ್ತಕದಲ್ಲಿ ಆ ಸಂಜೆಯ ನಮೂದೂ ಇಲ್ಲ. ನಾಲ್ಕೂ ಬ್ಲಾಕ್‌ಗಳಲ್ಲಿ ವಿಚಾರಿಸಿಯಾಯಿತು. ಪಿನ್‌ಕೋಡ್ ಸರಿಯಾಗಿದೆ. ತೂಕ 0.5 ಕೆ.ಜಿ. ಎಂದಿದೆ.

ಕನ್ನಡಿ ಉಜ್ಜುವವ | 7 ನವೆಂಬರ್, ಬೆಳಿಗ್ಗೆ 8.34

ಸಿಕ್ಕಿತು ನೋಡಿ! ಅರ್ಧ ಕಿಲೋ! ಮಾಲು ಗೋದಾಮಿನಲ್ಲಿಯೇ ಹೋಗಿದೆ. ಮುಂದೆ ಸಾಗಿದ್ದು ಖಾಲಿ ಪೆಟ್ಟಿಗೆ. ಈ ಒಂದು ಪುಟವನ್ನು ಚಿತ್ರ ತೆಗೆದು ಕಳುಹಿಸಿ, ದುಡ್ಡು ವಾಪಸ್ ಬರುತ್ತದೆ.

ಬೆಳ್ಳಿಚುಕ್ಕಿ | 7 ನವೆಂಬರ್, ಬೆಳಿಗ್ಗೆ 9.20

ಇಷ್ಟು ಬೇಗ ತೀರ್ಪು ಕೊಡಬೇಡಿ. ನಾನು ಮೂರು ವರ್ಷದಿಂದ ಕರಕುಶಲ ವಸ್ತುಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಿದ್ದೇನೆ. ಆ 0.5 ಎಂಬುದು ಯಾರೂ ತೂಗಿ ಬರೆದದ್ದಲ್ಲ. ಸಾಗಣೆ ದರದ ಮೊದಲ ಮೆಟ್ಟಿಲು ಅರ್ಧ ಕಿಲೋ, ಮಾರಾಟಗಾರರು ದರ ಉಳಿಸಲು ಅದನ್ನೇ ನಮೂದಿಸುತ್ತಾರೆ. ಕೊರಿಯರ್‌ನವರು ಆಮೇಲೆ ಅಳೆದು ಹೆಚ್ಚಿನ ಹಣವನ್ನು ಮಾರಾಟಗಾರರಿಂದ ವಸೂಲು ಮಾಡುತ್ತಾರೆ. ಆ ಲೆಕ್ಕ ಖರೀದಿದಾರರ ಪುಟಕ್ಕೆ ಬರುವುದೇ ಇಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸುವ ಗಾತ್ರತೂಕವೂ ಇದೆ. 25×20×20ರ ಪೆಟ್ಟಿಗೆಗೆ ಅದೇ 2 ಕಿಲೋ ಆಗುತ್ತದೆ. ಹಾಗೆಂದು ಪುಟದಲ್ಲಿ 2 ಎಂದಿದ್ದರೆ ಒಳಗೆ ಎರಡು ಐಪೀಸ್ ಇದ್ದವು ಎನ್ನುತ್ತಿದ್ದಿರಾ?

ಕನ್ನಡಿ ಉಜ್ಜುವವ | 7 ನವೆಂಬರ್, ಬೆಳಿಗ್ಗೆ 9.41

ದೊಡ್ಡ ಗೋದಾಮುಗಳಲ್ಲಿ ಪಟ್ಟಿಯ ಮೇಲೆ ಸಾಗುವಾಗಲೇ ತೂಗುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ.

ಬೆಳ್ಳಿಚುಕ್ಕಿ | 7 ನವೆಂಬರ್, ಬೆಳಿಗ್ಗೆ 9.50

ತೂಗುತ್ತಾರೆ, ಇಲ್ಲವೆನ್ನಲಿಲ್ಲ. ಆ ಅಂಕಿ ಈ ಪುಟದಲ್ಲಿ ಇರುವುದಿಲ್ಲ ಎಂದೆ. ಅವರು ಬೇಕಾದರೆ ಕೊರಿಯರ್‌ನಿಂದ ಸ್ಕ್ಯಾನ್ ದಾಖಲೆ ಕೇಳಿ ಪಡೆಯಲಿ.

ಕುಂದಾದ್ರಿ ಅವರೇ, ನನಗೆ ಬೇಕಾದ ಉತ್ತರ ಬೇರೆ. 28 ಸಾವಿರದ ಮಾಲಿಗೆ ಒಟಿಪಿ ಇಲ್ಲದೆ ‘ತಲುಪಿಸಲಾಗಿದೆ’ ಎಂದು ಹಾಕುವುದು ಕಷ್ಟ. ಒಟಿಪಿ ಬಂದಿತ್ತೇ? ಯಾರ ಮೊಬೈಲ್‌ಗೆ?

ಮೂಡಲ ಮನೆ ದೂರದರ್ಶಕ | 7 ನವೆಂಬರ್, ಮಧ್ಯಾಹ್ನ 1.10

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. 28 ಸಾವಿರ ಒಂದು ಐಪೀಸಿಗೆ ಏಕೆ? ಅದಕ್ಕೆ ಇನ್ನಷ್ಟು ಸೇರಿಸಿದ್ದರೆ 80 ಮಿ.ಮೀ. ವಕ್ರೀಭವನ ದೂರದರ್ಶಕವೇ ಸಿಗುತ್ತಿತ್ತು. 500 ಮಿ.ಮೀ. ನಾಭಿದೂರಕ್ಕೆ ಸಾಮಾನ್ಯ 25 ಮಿ.ಮೀ. ಪ್ಲಾಸಲ್ ಐಪೀಸ್ ಹಾಕಿದರೂ 20 ಪಟ್ಟು ವರ್ಧನೆ, ಎರಡೂವರೆ ಡಿಗ್ರಿ ನೋಟ.

ಹಾಸನದ ಡಾಬ್ | 7 ನವೆಂಬರ್, ಮಧ್ಯಾಹ್ನ 1.32

80 ಮಿ.ಮೀ.ನಲ್ಲಿ ನೋಡುವುದಕ್ಕೂ ಕುಂದಾದ್ರಿ ಅವರ ಎಂಟಿಂಚಿನ, ಅಂದರೆ 203 ಮಿ.ಮೀ. ದೂರದರ್ಶಕದಲ್ಲಿ ನೋಡುವುದಕ್ಕೂ ಹೋಲಿಕೆಯೇ ಇಲ್ಲ. ಬೆಳಕು ಸಂಗ್ರಹಿಸುವ ಶಕ್ತಿ ಆರು ಪಟ್ಟಿಗಿಂತ ಹೆಚ್ಚು. ನನ್ನದು ಹತ್ತಿಂಚಿನ ಡಾಬ್ಸೋನಿಯನ್, ಅಂದರೆ ಸರಳ ಪೀಠದ ಮೇಲೆ ತಿರುಗುವ ಕನ್ನಡಿ ದೂರದರ್ಶಕ. ಕಟ್ಟಿಗೆಯ ಪೀಠವನ್ನು ಹಲಸಿನ ಹಲಗೆಯಲ್ಲಿ ನಾನೇ ಮಾಡಿದ್ದೇನೆ. ಅಗಲ ನೋಟದ, ಎರಡಿಂಚು ವ್ಯಾಸದ ಮೂತಿಗೆ ಕೂರುವ ಐಪೀಸುಗಳೇ ಮೂರಿವೆ. ಕಳೆದ ಜನವರಿಯಲ್ಲಿ ಸಕಲೇಶಪುರದ ತೋಟದಲ್ಲಿ ಮಹಾವ್ಯಾಧ ನೀಹಾರಿಕೆಯನ್ನು ತೋರಿಸಿದಾಗ ತೋಟದ ಆಳುಗಳ ಮಕ್ಕಳು ನಿದ್ದೆ ಬಿಟ್ಟು ಸಾಲು ನಿಂತಿದ್ದರು.

ಮೂಡಲ ಮನೆ ದೂರದರ್ಶಕ | 7 ನವೆಂಬರ್, ಮಧ್ಯಾಹ್ನ 1.45

ಹತ್ತಿಂಚಿನದನ್ನು ಬಸ್ಸಿನಲ್ಲಿ ಒಯ್ಯಲು ಆಗುತ್ತದೆಯೇ? ನನ್ನದು ಬೆನ್ನಿನ ಚೀಲದಲ್ಲಿ ಹಿಡಿಯುತ್ತದೆ.

ಬೆಳ್ಳಿಚುಕ್ಕಿ | 7 ನವೆಂಬರ್, ಮಧ್ಯಾಹ್ನ 2.00

ದಯವಿಟ್ಟು ಇದಕ್ಕೆ ಬೇರೆ ಚರ್ಚೆ ತೆರೆಯಿರಿ. ಒಬ್ಬರ ದುಡ್ಡು ಹೋಗಿದೆ.

ಕುಂದಾದ್ರಿ ಇರುಳು | 7 ನವೆಂಬರ್, ರಾತ್ರಿ 8.15

ಭಾವಮೈದುನನ ಬಳಿ ಈಗ ಬಿಡಿಸಿ ಕೇಳಿದೆ. ಖಾತೆ ಅವನದು, ಹಣ ಕಟ್ಟಿದ್ದು ನನ್ನ ಕ್ರೆಡಿಟ್ ಕಾರ್ಡಿನಿಂದ. ಒಟಿಪಿ ಅವನ ಮೊಬೈಲ್‌ಗೆ ಬಂದಿತ್ತು. ಮಂಗಳವಾರ ಅವನು ಮೈಸೂರಿನಲ್ಲಿದ್ದ. ಸಂಜೆ ನಾಲ್ಕು ಗಂಟೆಗೆ ಒಬ್ಬರು ಕರೆ ಮಾಡಿ, ‘ಗೇಟಿನಲ್ಲಿದ್ದೇನೆ, ಒಟಿಪಿ ಹೇಳಿದರೆ ಕಾವಲುಗಾರರ ಬಳಿ ಇಟ್ಟು ಹೋಗುತ್ತೇನೆ, ಇಲ್ಲದಿದ್ದರೆ ಪೆಟ್ಟಿಗೆ ವಾಪಸ್ ಹೋಗುತ್ತದೆ’ ಎಂದರಂತೆ. ಇವನು ಹೇಳಿದ. ಇದುವರೆಗೂ ಹಾಗೆಯೇ ಮಾಡುತ್ತಿದ್ದನಂತೆ. ಅವನಿಗೂ ಈಗ ಮುಖ ತೋರಿಸಲು ನಾಚಿಕೆ. ಅವನನ್ನು ಬೈಯಲು ನನಗೆ ಮನಸ್ಸಿಲ್ಲ.

ಬ್ಯಾಂಕಿಗೆ ಹೋದರೆ ಮೂರು ದಿನದೊಳಗೆ ಹಣ ಕೊಡಲೇಬೇಕು ಎಂದು ಪಕ್ಕದ ಮನೆಯವರು ಹೇಳುತ್ತಾರೆ. ನಿಜವೇ?

ಕರಿಕೋಟಿನ ಖಗೋಳಿ | 7 ನವೆಂಬರ್, ರಾತ್ರಿ 9.30

ವೃತ್ತಿಯಿಂದ ವಕೀಲ, ಗ್ರಾಹಕ ಆಯೋಗದಲ್ಲಿ ಇಂಥ ಪ್ರಕರಣಗಳನ್ನು ನಡೆಸಿದ್ದೇನೆ.

ಆ ಮೂರು ದಿನದ ಮಾತು ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯದು. ನಿಮ್ಮ ಅರಿವಿಲ್ಲದೆ ಖಾತೆಯಿಂದ ಹಣ ಹೋದಾಗ ಮೂರು ಕೆಲಸದ ದಿನಗಳೊಳಗೆ ನೀವು ಬ್ಯಾಂಕಿಗೆ ತಿಳಿಸಬೇಕು ಎಂಬುದು ಅದರ ಅರ್ಥ. ಇಲ್ಲಿ ಹಣ ಕಟ್ಟಿದ್ದು ನೀವೇ. ನಿಮಗೆ ಬೇಕಾದದ್ದು ಚಾರ್ಜ್‌ಬ್ಯಾಕ್, ಅಂದರೆ ‘ಮಾಲು ತಲುಪಿಲ್ಲ’ ಎಂಬ ಕಾರಣಕ್ಕೆ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ಎತ್ತುವ ತಕರಾರು. ನಾಳೆಯೇ ಲಿಖಿತವಾಗಿ ಕೊಡಿ.

ಒಟಿಪಿ ಕೊಟ್ಟದ್ದು ನಿಮ್ಮ ವಾದದಲ್ಲಿರುವ ದೊಡ್ಡ ಬಿರುಕು. ಅದನ್ನು ಮುಚ್ಚಿಡಬೇಡಿ. ಅವರು ಮೊದಲು ಹಿಡಿಯುವುದೇ ಅದನ್ನು, ಏಕೆಂದರೆ ಅವರ ದಾಖಲೆಯಲ್ಲಿ ಒಟಿಪಿಯೇ ನಿಮ್ಮ ಸಹಿ. ‘ಕಾವಲುಗಾರರಿಗೆ ಕೊಡುತ್ತೇನೆ ಎಂದು ಹೇಳಿ ಒಟಿಪಿ ಪಡೆದರು, ಕಾವಲುಗಾರರಿಗೆ ಕೊಡಲಿಲ್ಲ’ ಎಂದು ನೀವೇ ಮೊದಲು ಬರೆಯಿರಿ. ಕರೆ ಬಂದ ಸಂಖ್ಯೆ, ಸಮಯ ಮೊಬೈಲ್‌ನಲ್ಲಿದೆ. ಗೇಟಿನ ಕ್ಯಾಮೆರಾದ ದೃಶ್ಯಗಳನ್ನು ಇಂದೇ ಉಳಿಸಿಕೊಳ್ಳಿ. ಡಿಸ್ಕ್ ತುಂಬಿದಂತೆ ಹಳೆಯದು ಅಳಿಯುತ್ತದೆ, ಯಾರೂ ಕಾಯುವುದಿಲ್ಲ.

ಸಹಾಯವಾಣಿಯೊಂದಿಗೆ ಮಾತು ಸಾಕು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಪ್ರತಿ ಜಾಲತಾಣವೂ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕವನ್ನು ಪ್ರಕಟಿಸಬೇಕು. ಆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ಒಪ್ಪಿಕೊಂಡು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅವರಿಗೆ ಇಮೇಲ್ ಬರೆದು, ಮಾಲು ಕೊಟ್ಟದ್ದಕ್ಕೆ ಸಾಕ್ಷಿ ಕೇಳಿ: ಚಿತ್ರ, ಸ್ವೀಕರಿಸಿದವರ ಹೆಸರು, ಆ ಕ್ಷಣದಲ್ಲಿ ವಿತರಣೆಯವರ ಕೈಯಲ್ಲಿನ ಸಾಧನ ಇದ್ದ ಸ್ಥಳ. ಜೊತೆಗೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರಿನ ಸಂಖ್ಯೆ ಪಡೆಯಿರಿ.

ಹಾಸನದ ಡಾಬ್ | 7 ನವೆಂಬರ್, ರಾತ್ರಿ 9.44

ಪೊಲೀಸರ ಇ-ಲಾಸ್ಟ್ ಆ್ಯಪ್‌ನಲ್ಲಿ ಹಾಕಿದರೆ ಸಾಕಲ್ಲವೇ? ಕಳ್ಳತನದ ದೂರು ಎಂದರೆ ಠಾಣೆ ಅಲೆಯಬೇಕು.

ಕರಿಕೋಟಿನ ಖಗೋಳಿ | 7 ನವೆಂಬರ್, ರಾತ್ರಿ 10.02

ಅದು ನೀವು ಕಳೆದುಕೊಂಡ ವಸ್ತುವಿಗೆ. ಇವರು ಏನನ್ನೂ ಕಳೆದುಕೊಂಡಿಲ್ಲ, ಇವರ ಕೈಗೆ ಬಂದೇ ಇಲ್ಲ. ‘ಕಳೆದುಹೋಗಿದೆ’ ಎಂದು ನೀವೇ ಬರೆದುಕೊಟ್ಟರೆ ನಾಳೆ ಎದುರು ಪಕ್ಷದವರು ಅದನ್ನೇ ತೋರಿಸುತ್ತಾರೆ. ಇದನ್ನು ಬರಿಯ ಕಳ್ಳತನ ಎನ್ನುವುದೂ ಸರಿಯಲ್ಲ. ಸಾಗಿಸಲೆಂದು ನಂಬಿ ಒಪ್ಪಿಸಿದ ಮಾಲನ್ನು ಸಾಗಿಸುವವರೇ ಲಪಟಾಯಿಸಿದ್ದರೆ ಅದು ನಂಬಿಕೆದ್ರೋಹ. ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್‌ನ ಮೂರನೇ ಉಪಸೆಕ್ಷನ್, ಏಳು ವರ್ಷದವರೆಗೆ ಶಿಕ್ಷೆ. ಹಳೆಯ ದಂಡಸಂಹಿತೆಯಲ್ಲಿ 407 ಇತ್ತಲ್ಲ, ಅದೇ.

ಕನ್ನಡಿ ಉಜ್ಜುವವ | 7 ನವೆಂಬರ್, ರಾತ್ರಿ 10.20

ಸೆಕ್ಷನ್ ಯಾವುದಾದರೂ ಇರಲಿ, ಸ್ಕ್ಯಾನ್ ದಾಖಲೆಯ ತೂಕವನ್ನು ಕೇಳುವುದು ಮರೆಯಬೇಡಿ.

ರೋಹಿಣಿ ಶಕಟ | 8 ನವೆಂಬರ್, ಬೆಳಿಗ್ಗೆ 7.05

ವಿತರಣೆಯವನೇ ಕದ್ದ ಎಂದು ಎಲ್ಲರೂ ಗಂಟು ಕಟ್ಟಿದಿರಿ. ದಿನಕ್ಕೆ ನೂರು ಬಾಗಿಲು ಬಡಿಯುವ ಹುಡುಗರು ಅವರು. ಒಟಿಪಿ ಹಾಕಿಬಿಟ್ಟು, ಅವಸರದಲ್ಲಿ ಪಕ್ಕದ ಗೇಟಿನಲ್ಲಿ ಇಟ್ಟು ಹೋಗಿರಬಹುದು. ದೃಶ್ಯ ನೋಡುವ ತನಕ ಯಾರ ಮೇಲೂ ಹೆಸರು ಹಾಕಬೇಡಿ.

ಬೆಳ್ಳಿಚುಕ್ಕಿ | 8 ನವೆಂಬರ್, ಬೆಳಿಗ್ಗೆ 7.30

ಈ ಮಾತಿಗೆ ನನ್ನ ಸಹಮತವಿದೆ.

ಕುಂದಾದ್ರಿ ಇರುಳು | 11 ನವೆಂಬರ್, ರಾತ್ರಿ 9.15

ತಡವಾಗಿ ಬರೆಯುತ್ತಿದ್ದೇನೆ, ಶನಿವಾರ ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಹೋಗಿದ್ದೆ. ಪೊಲೀಸರಿಗೆ ಕೊಟ್ಟ ದೂರಿನ ಸ್ವೀಕೃತಿ ತೋರಿಸಿದ ಮೇಲೆ ಫ್ಲ್ಯಾಟಿನ ಸಂಘದ ಕಾರ್ಯದರ್ಶಿ ದೃಶ್ಯ ತೋರಿಸಿದರು. ಮಂಗಳವಾರ 3.30ರಿಂದ 5ರ ತನಕ ಗೇಟಿನ ಮುಂದೆ ಆ ಕಂಪನಿಯ ಗಾಡಿಯೇ ನಿಂತಿಲ್ಲ. ಪೂರ್ತಿ ಒಂದೂವರೆ ಗಂಟೆಯನ್ನು ಪೆನ್‌ಡ್ರೈವ್‌ಗೆ ಹಾಕಿಸಿಕೊಂಡೆ. ಕರೆ ಮಾಡಿದ ಸಂಖ್ಯೆ ಈಗ ಬಂದ್. ಕುಂದುಕೊರತೆ ಅಧಿಕಾರಿಯ ಕಚೇರಿಯಿಂದ ಎರಡನೆಯ ದಿನವೇ ‘ದೂರು ತಲುಪಿದೆ’ ಎಂದು ಉತ್ತರ ಬಂತು. ಆಮೇಲೆ ಮೌನ. ವಿತರಣೆಯ ಚಿತ್ರ ಕೇಳಿದ್ದಕ್ಕೆ ಒಂದು ಕಬ್ಬಿಣದ ಗೇಟಿನ ಫೋಟೊ ಕಳುಹಿಸಿದ್ದಾರೆ. ಅದು ನಮ್ಮ ಗೇಟ್ ಅಲ್ಲ. ಬ್ಯಾಂಕಿಗೂ ತಕರಾರು ಕೊಟ್ಟಿದ್ದೇನೆ.

ಕೇಸು ಹಾಕುವುದಾದರೆ ಬೆಂಗಳೂರಿಗೆ ಅಲೆಯಬೇಕೇ? ಖಾತೆ ನನ್ನದಲ್ಲದಿರುವುದು ತೊಡಕೇ?

ಕರಿಕೋಟಿನ ಖಗೋಳಿ | 11 ನವೆಂಬರ್, ರಾತ್ರಿ 10.10

ಆ ತಪ್ಪು ಗೇಟಿನ ಫೋಟೊ ಅವರೇ ಕೈಯಾರೆ ಕೊಟ್ಟ ಸಾಕ್ಷಿ, ಜೋಪಾನ. ನಿಮ್ಮ ಗೇಟಿನ ಫೋಟೊವನ್ನೂ ಪಕ್ಕದಲ್ಲಿ ಇಟ್ಟು ಮತ್ತೆ ಬರೆಯಿರಿ.

ಅಲೆಯಬೇಕಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹಾಕಬಹುದು. ನಿಮಗೆ ಶಿವಮೊಗ್ಗದ ಜಿಲ್ಲಾ ಆಯೋಗ. ಈ ವರ್ಷದ ಜನವರಿಯಿಂದ ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ಸಲ್ಲಿಸಲು ಬರುತ್ತದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಎರಡು ವರ್ಷದ ಅವಧಿ ಇದೆ, ಆದರೆ ಅಷ್ಟು ಕಾಯಬೇಡಿ. ಹಣ ಕೊಟ್ಟವರು ನೀವು, ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ. ಆದರೂ ಭಾವಮೈದುನನನ್ನೂ ದೂರುದಾರನನ್ನಾಗಿ ಸೇರಿಸಿದರೆ ಅವರಿಗೆ ಆಕ್ಷೇಪಿಸಲು ಏನೂ ಉಳಿಯುವುದಿಲ್ಲ. ಕರಡು ಬರೆದು ನನಗೆ ಖಾಸಗಿಯಾಗಿ ಕಳುಹಿಸಿ, ತಿದ್ದಿಕೊಡುತ್ತೇನೆ.

ಮೂಡಲ ಮನೆ ದೂರದರ್ಶಕ | 12 ನವೆಂಬರ್, ಬೆಳಿಗ್ಗೆ 11.00

ಮೊನ್ನೆ ನಾನು ಬರೆದ ಮಾತು ಹೊತ್ತಲ್ಲದ ಹೊತ್ತಿನದಾಯಿತು. ಆ ಐಪೀಸಿನಲ್ಲಿ ನೀವು ಏನು ನೋಡಬೇಕೆಂದಿದ್ದಿರಿ?

ಕುಂದಾದ್ರಿ ಇರುಳು | 12 ನವೆಂಬರ್, ರಾತ್ರಿ 8.40

ಕೃತ್ತಿಕೆ ನಕ್ಷತ್ರಗುಚ್ಛ. ನನ್ನ ಎಂಟಿಂಚಿನದರ ನಾಭಿದೂರ 1,200 ಮಿ.ಮೀ. ಅದರ ಜೊತೆ ಬಂದ 25 ಮಿ.ಮೀ. ಐಪೀಸಿನಲ್ಲಿ 48 ಪಟ್ಟು, ನೋಟ ಒಂದೇ ಡಿಗ್ರಿ. ಅರ್ಧ ಗುಚ್ಛ ಹೊರಗೇ ಉಳಿಯುತ್ತದೆ. 30ರಲ್ಲಿ 40 ಪಟ್ಟು, ಎರಡು ಡಿಗ್ರಿ. ಪೂರ್ತಿ ಗುಚ್ಛ ಒಂದೇ ಸಲಕ್ಕೆ ಕಣ್ಣು ತುಂಬುತ್ತದೆ. ಅಮ್ಮನಿಗೆ ಒಮ್ಮೆ ತೋರಿಸಬೇಕೆಂದಿದ್ದೆ. ಚಿಕ್ಕಂದಿನಲ್ಲಿ ಅಂಗಳದಲ್ಲಿ ಮಲಗಿ ಅದನ್ನು ನನಗೆ ತೋರಿಸಿಕೊಟ್ಟದ್ದು ಅವರೇ.

ಹಾಸನದ ಡಾಬ್ | 12 ನವೆಂಬರ್, ರಾತ್ರಿ 9.05

22ರ ಶನಿವಾರ ಶಿವಮೊಗ್ಗಕ್ಕೆ ಮದುವೆಗೆ ಬರುವವನಿದ್ದೇನೆ. ನನ್ನ ಮೂರರಲ್ಲಿ ಒಂದು 30 ಮಿ.ಮೀ.ಯದೇ. ಭಾನುವಾರ ಬೆಳಿಗ್ಗೆ ತೀರ್ಥಹಳ್ಳಿಯ ಬಸ್ ಹಿಡಿದು ಕೈಯಲ್ಲೇ ತಂದು ಕೊಡುತ್ತೇನೆ, ಪಾರ್ಸೆಲ್ ಮಾಡುವುದಿಲ್ಲ. ನಿಮ್ಮ ಕೇಸು ಮುಗಿಯುವ ತನಕ ನಿಮ್ಮ ಬಳಿಯೇ ಇರಲಿ. ಅಮಾವಾಸ್ಯೆ ಕಳೆದಿದ್ದರೂ ಆ ವಾರ ಚಂದ್ರ ಬೇಗ ಮುಳುಗುತ್ತಾನೆ.

ಕನ್ನಡಿ ಉಜ್ಜುವವ | 12 ನವೆಂಬರ್, ರಾತ್ರಿ 9.12

ಅದು ಒಂದು ಕಿಲೋ ತೂಗುತ್ತದೆ. ಕೊಳವೆಯ ಮೂತಿ ಬಾಗುತ್ತದೆ, ಹಿಂಬದಿಗೆ ಅಷ್ಟೇ ಭಾರದ ಅಯಸ್ಕಾಂತ ಅಂಟಿಸಿಕೊಳ್ಳಿ. ನನ್ನ ಬಳಿ ಎರಡಿವೆ, ಅವರ ಕೈಯಲ್ಲಿಯೇ ಕಳುಹಿಸುತ್ತೇನೆ.

ಕುಂದಾದ್ರಿ ಇರುಳು | 12 ನವೆಂಬರ್, ರಾತ್ರಿ 9.30

ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ. ಊಟ ನಮ್ಮ ಮನೆಯಲ್ಲಿ.